ಅಪ್ಪನ ಲಾರಿಗೆ ವಾಯರು ಎಳೆದದ್ದು

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನಿಗೆ ಒಂದು ವಾಯರು ಎಳೆಯುವುದು ಎಷ್ಟರ ಕೆಲಸ? ತಂತಿಯೊಳಗೆ ವಿದ್ಯುತ್ತು ಹೇಗೆ ಹರಿಯುತ್ತದೆ ಎಂದು ಪ್ರತಿ ವರ್ಷ ಒಂಬತ್ತನೇ ಇಯತ್ತೆಯ ಮಕ್ಕಳಿಗೆ ಹಲಗೆಯ ಮೇಲೆ ಬಾಣ ಹಾಕಿ ತೋರಿಸುತ್ತೇನೆ. ನಾನು ಬಾಣ ಹಾಕಿದ ಕಡೆಗೇ ವಿದ್ಯುತ್ತು ಹೋಗುತ್ತದೆ. ಇದುವರೆಗೆ ಅದು ನನ್ನ ಮಾತು ಮೀರಿದ್ದಿಲ್ಲ. ಹೀಗಾಗಿ ಮಹಾರಾಷ್ಟ್ರದ ಗಡಿಯೊಳಗಿನ ಉಟಗಿಯ ನಮ್ಮ ಮನೆಯಲ್ಲಿ, ಪಡಸಾಲೆಯಿಂದ ಅಪ್ಪನ ಕೋಣೆಗೆ ಇಂಟರ್‌ನೆಟ್ಟಿನ ವಾಯರು ಎಳೆಯುವ ಪ್ರಸಂಗ ಬಂದಾಗ, ತಾಲೂಕು ಕೇಂದ್ರ ಜತ್ತದಿಂದ ಯಾರನ್ನೂ ಕರೆಸುವ ಅಗತ್ಯವಿಲ್ಲ, ನಾನೇ ಮಾಡುತ್ತೇನೆ ಎಂದು ಘೋಷಿಸಿದೆ. ನನ್ನ ಹೆಂಡತಿ ಸುವರ್ಣಾ ಎದ್ದು ಹೋಗಿ ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಹಾಕಿ ಬಂದಳು.

ವಾಯರು ಯಾಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಬೇಕು. ಅಪ್ಪ ಹುಟ್ಟಿದಾಗಿನಿಂದ ಕುರಿಗಳ ಹಿಂದೆ ಅಡ್ಡಾಡಿದವನು. ಕುರಿದಡ್ಡಿಯಲ್ಲಿ ಕಾಲು ಜಾರಿ ಬಿದ್ದು, ಎಲುಬು ಮುರಿದು, ತೊಡೆಯತನಕ ಪ್ಲಾಸ್ಟರ್ ಹಾಕಿಸಿಕೊಂಡು ಒಳಕೋಣೆಯಲ್ಲಿ ಮಲಗಿದ್ದ. ಕುರಿಗಳನ್ನು ನನ್ನ ತಮ್ಮ ನೋಡಿಕೊಳ್ಳುತ್ತಿದ್ದ. ಅಪ್ಪನನ್ನು ನೋಡಿಕೊಳ್ಳುವುದೇ ಕಷ್ಟವಾಗಿತ್ತು. ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಊಟಕ್ಕೂ ತಿರುಗುತ್ತಿರಲಿಲ್ಲ.

ಸೋಲಾಪುರದಲ್ಲಿ ನರ್ಸ್ ಆಗಿರುವ ನನ್ನ ತಂಗಿ ರೇಣುಕಾ ಇದನ್ನು ನೋಡಿ ಹೋದವಳು, ಮುಂದಿನ ಸಲ ಬರುವಾಗ ಟಿವಿಗೆ ಹಚ್ಚಿ ಆಡುವ ಒಂದು ಗೇಮ್ ಡಬ್ಬಿ ತಂದಳು. ಅಂಥದ್ದೇ ಇನ್ನೊಂದು ಅವಳ ಮನೆಯಲ್ಲಿ ಇತ್ತು. ಅದರಲ್ಲಿ ಕೆಸರು, ಕಾಡು, ಹಿಮದ ದಾರಿಯಲ್ಲಿ ಲಾರಿ ಹೊಡೆಯುವ ಆಟ. ಅವಳು ಸೋಲಾಪುರದಲ್ಲಿ ಕೂತು, ಅಪ್ಪ ಉಟಗಿಯಲ್ಲಿ ಮಲಗಿ, ಇಬ್ಬರೂ ಕೈಯಲ್ಲಿ ಆಟದ ರಿಮೋಟು ಹಿಡಿದು ಒಂದೇ ದಾರಿಯಲ್ಲಿ ಹಿಂದೆ ಮುಂದೆ ಲಾರಿ ಹೊಡೆಯಬಹುದು. ಒಬ್ಬರು ಸಿಕ್ಕಿಬಿದ್ದರೆ ಇನ್ನೊಬ್ಬರು ಹಗ್ಗ ಕಟ್ಟಿ ಎಳೆಯಬಹುದು. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಮಾತಾಡಲೂಬಹುದು.

ಅಪ್ಪ ಫೋನಿನಲ್ಲಿ ಮಗಳ ಜೊತೆ ಆಡುವ ಮಾತು ನನಗೆ ಬಾಯಿಪಾಠವಿದೆ. "ಹೂಂ. ಆರಾಮ. ಇಡ್ತೀನಿ." ಅಷ್ಟೇ. ಅಂಥ ಮನುಷ್ಯ ಲಾರಿ ಹತ್ತಿದ ಮೇಲೆ ಮಧ್ಯಾಹ್ನವಿಡೀ ಮಾತಾಡತೊಡಗಿದ. ಎಡಕ್ಕೆ ತಗೋ, ಅಲ್ಲಿ ನೀರು ಆಳ ಐತಿ, ನಿಮ್ಮ ಅವ್ವನ ಮದುವೀ ದಿಬ್ಬಣ ಹಿಂಗ ಹಳ್ಳದಾಗ ಸಿಕ್ಕಿತ್ತು ಎನ್ನುತ್ತಿದ್ದ. ನಲವತ್ತು ದಾಟಿದ ನಾನು ಆ ದಿಬ್ಬಣದ ಕಥೆ ಕೇಳಿದ್ದು ಅದೇ ಮೊದಲು. ಬಾಗಿಲಲ್ಲಿ ನಿಂತು ಬೆರಗಾಗಿ ಕೇಳಿದ್ದೆ.

ತೊಂದರೆ ಒಂದೇ. ರೌಟರ್ ಪಡಸಾಲೆಯಲ್ಲಿ, ಅಪ್ಪ ಒಳಕೋಣೆಯಲ್ಲಿ, ನಡುವೆ ಅಜ್ಜನ ಕಾಲದ ಕಲ್ಲಿನ ಗೋಡೆ. ವೈಫೈ ಆ ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತಿತ್ತು. ಮಗಳು ಹಗ್ಗ ಕಟ್ಟಿ ಎಳೆಯುವ ಹೊತ್ತಿಗೇ ಸರಿಯಾಗಿ ಮಗಳೂ ಇಲ್ಲ, ಹಗ್ಗವೂ ಇಲ್ಲ. ಅಪ್ಪ ಮತ್ತೆ ಗೋಡೆಯ ಕಡೆ ತಿರುಗುತ್ತಿದ್ದ. ಬರುವ ವಾರದಿಂದ ರೇಣುಕಾಗೆ ಮಧ್ಯಾಹ್ನದ ಡ್ಯೂಟಿ. ಅದಕ್ಕೂ ಮೊದಲು, ಈ ರವಿವಾರ, ಹಿಮದ ಗುಡ್ಡ ದಾಟಿ ಸಾಮಾನು ಮುಟ್ಟಿಸಬೇಕು ಎಂದು ತಂದೆ ಮಗಳು ಮಾತಾಡಿಕೊಂಡಿದ್ದರು. ವಾಯರು ಹಾಕಿದರೆ ಸಂಪರ್ಕ ಕಡಿಯುವುದಿಲ್ಲ ಎಂದು ಅವಳೇ ಫೋನಿನಲ್ಲಿ ಹೇಳಿದಳು.

ಶನಿವಾರ ಅರ್ಧ ದಿನದ ಸಾಲೆ ಮುಗಿಸಿ, ಎಸ್‌ಟಿ ಬಸ್ಸು ಹತ್ತಿ ಜತ್ತಕ್ಕೆ ಹೋಗಿ ವಾಯರು ತಂದೆ. ಅಳತೆ ಮೊದಲೇ ತೆಗೆದಿದ್ದೆ. ರೌಟರಿನಿಂದ ಅಪ್ಪನ ಟಿವಿಗೆ ನೇರ ಗೆರೆ ಎಳೆದು ಅಳೆದ ಶಾಸ್ತ್ರೀಯ ಅಳತೆ ಅದು. ಆ ನೇರ ಗೆರೆ ಗೋಡೆಯೊಳಗಿಂದ ಹಾಯುತ್ತದೆ, ವಾಯರು ಮಾತ್ರ ಬಾಗಿಲು ಸುತ್ತಿ ಬರಬೇಕಾಗುತ್ತದೆ ಎಂಬುದು ಮನೆಗೆ ಬಂದು ಬಿಚ್ಚಿದ ಮೇಲೆ ಹೊಳೆಯಿತು. ವಾಯರು ಹೊಸ್ತಿಲಿಗೆ ಬಂದು ಮುಗಿಯಿತು.

ವಾಯರು ದೊಡ್ಡದಾಗುವುದಿಲ್ಲವಾದ್ದರಿಂದ ದಾರಿಯನ್ನು ಸಣ್ಣದು ಮಾಡಲು ನಿಶ್ಚಯಿಸಿದೆ. ಡ್ರಿಲ್ ಮಶೀನು ಕಡ ತಂದು ಗೋಡೆ ಕೊರೆಯತೊಡಗಿದೆ. ಅದರ ಕೊರೆಯುವ ಕಡ್ಡಿ ಪೂರ್ತಿ ಒಳಗೆ ಹೋಯಿತು. ಗೋಡೆ ಮುಗಿಯಲಿಲ್ಲ. ಹಾಗಾದರೆ ಆ ಕಡೆಯಿಂದಲೂ ಕೊರೆದು ನಡುವೆ ಕೂಡಿಸುವುದೆಂದು ಒಳಕೋಣೆಗೆ ಹೋಗಿ ಕೊರೆದೆ. ಎರಡು ತೂತುಗಳು ಗೋಡೆಯೊಳಗೆ ಒಂದನ್ನೊಂದು ಭೇಟಿಯಾಗದೆ ತಮ್ಮ ತಮ್ಮ ದಾರಿ ಹಿಡಿದವು. ಸುಣ್ಣ, ಮಣ್ಣು, ಅಜ್ಜ ಮೆತ್ತಿದ ಸಗಣಿಯ ಪುಡಿ ಎಲ್ಲವೂ ಅಪ್ಪನ ಪ್ಲಾಸ್ಟರಿನ ಮೇಲೆ ಉದುರಿದವು. ಅಪ್ಪ ಅದನ್ನು ನಿಧಾನಕ್ಕೆ ಝಾಡಿಸಿಕೊಂಡು, "ಮನಿ ಇರಲಿ ಮಲ್ಲೂ, ಕೆಡವಬ್ಯಾಡ" ಎಂದ.

ಕೊನೆಗೆ ರೌಟರಿಟ್ಟ ಮೇಜನ್ನೇ ಬಾಗಿಲ ಹತ್ತಿರ ಎಳೆದು ತಂದೆ. ವಾಯರು ಮುಟ್ಟಿತು. ಒಂದು ತುದಿಯನ್ನು ಗೇಮ್ ಡಬ್ಬಿಗೆ ಸಿಕ್ಕಿಸಿದೆ. ಇನ್ನೊಂದು ತುದಿ ಹಿಡಿದು ರೌಟರಿನ ಬೆನ್ನು ನೋಡಿದರೆ ಹಳದಿ ಬಣ್ಣದ ಕಿಂಡಿಗಳ ಒಂದು ಸಾಲು, ಪಕ್ಕದಲ್ಲಿ ಒಂಟಿಯಾಗಿ ಒಂದು ನೀಲಿ ಕಿಂಡಿ. ಹಳದಿಯವು ಖಾಲಿ ಇದ್ದವು. ನೀಲಿಯಲ್ಲಿ ಮೊದಲೇ ಒಂದು ವಾಯರು ಕೂತಿತ್ತು. ಒಂಟಿಯಾಗಿರುವುದು ಎಂದ ಮೇಲೆ ಅದೇ ಮನೆಯ ಯಜಮಾನ ಇರಬೇಕು, ಅಪ್ಪನಿಗೆ ಅದೇ ಯೋಗ್ಯ ಎಂದುಕೊಂಡು, ಇದ್ದದ್ದನ್ನು ಕಿತ್ತು ನಮ್ಮದನ್ನು ಹಾಕಿದೆ. ಕಿತ್ತದ್ದು ಊರ ಹೊರಗಿಂದ ಇಂಟರ್‌ನೆಟ್ ತರುವ ವಾಯರು ಎಂದು ನನಗೆ ಗೊತ್ತಾದದ್ದು ಪಕ್ಕದ ಮನೆಯ ನಸೀಮಾ ಬಂದ ಮೇಲೆ.

ನಸೀಮಾ ಬಟ್ಟೆ ಹೊಲಿಯುವವಳು. ಹೊಸ ನಮೂನೆಯ ಬ್ಲೌಸುಗಳನ್ನು ನಮ್ಮ ವೈಫೈಯಲ್ಲಿ ವಿಡಿಯೋ ನೋಡಿ ಕತ್ತರಿಸುತ್ತಾಳೆ. ಕೈಯಲ್ಲಿ ಕತ್ತರಿ, ಹೆಗಲ ಮೇಲೆ ಯಾರದೋ ಮದುವೆಯ ಬ್ಲೌಸ್ ಪೀಸು ಹಾಕಿಕೊಂಡೇ ಬಂದಿದ್ದಳು.

"ಗುರುಜಿ, ಒಂದು ತೋಳ ಕತ್ತರಿಸೇನಿ. ಇನ್ನೊಂದು ತೋಳ ನಿಮ್ಮ ಇಂಟರ್‌ನೆಟ್ಟಿನ್ಯಾಗ ಉಳದೈತಿ."

ಗಾಬರಿಯಲ್ಲಿ ವಾಯರುಗಳನ್ನು ಅದಲು ಬದಲು ಮಾಡಿದೆ. ಅಪ್ಪನದನ್ನು ಹಳದಿಗೆ, ಹಳೆಯದನ್ನು ನೀಲಿಗೆ. ಅಲ್ಲಿಗೇ ನಿಂತು ಒಂದು ಗಳಿಗೆ ಕಾದಿದ್ದರೆ ಎಲ್ಲ ಸರಿಹೋಗುತ್ತಿತ್ತೇನೋ. ಆದರೆ ರೌಟರಿನ ಬೆನ್ನಿನಲ್ಲಿ ಸೂಜಿಮೊನೆಯಷ್ಟು ಸಣ್ಣ ಇನ್ನೊಂದು ತೂತು ಕಂಡಿತು. ವಿಜ್ಞಾನದಲ್ಲಿ ಸಣ್ಣದ್ದನ್ನು ಕಡೆಗಣಿಸಬಾರದು. ಸುವರ್ಣಾಳ ಬಳೆಯಿಂದ ಪಿನ್ನು ತೆಗೆದುಕೊಂಡು ಅದರೊಳಗೆ ಒತ್ತಿ ಹಿಡಿದೆ. ರೌಟರಿನ ದೀಪಗಳೆಲ್ಲ ಒಮ್ಮೆಗೇ ಆರಿದವು. ಮತ್ತೆ ಹತ್ತಿದಾಗ ರೌಟರು ಸನ್ಯಾಸ ತೆಗೆದುಕೊಂಡಿತ್ತು. ನಾವಿಟ್ಟ ಹೆಸರು ಇಲ್ಲ, ಪಾಸ್‌ವರ್ಡ್ ಇಲ್ಲ, ಮನೆಯವರ ಗುರುತೇ ಇಲ್ಲ.

ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡಿದೆ. ಮರಾಠಿಯಲ್ಲಿ ಮಾತಾಡಿದ ಹುಡುಗಿ ಯಾವ ದೀಪ ಹತ್ತಿದೆ ಎಂದು ಕೇಳಿದಳು. ನಾನು ವೈಜ್ಞಾನಿಕ ಸ್ವಭಾವದವನಾದ್ದರಿಂದ ಮೊದಲಿನಿಂದ ಹೇಳತೊಡಗಿದೆ. ಅವಳು ಬಹಳ ಹೊತ್ತು ಸಹಿಸಿ, ಸರ್, ರೌಟರನ್ನು ಬೋರಲು ಹಾಕಿ ನೋಡಿರಿ ಎಂದಳು. ಹಾಕಿದೆ. ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಹೆಸರು, ಪಾಸ್‌ವರ್ಡ್ ಎರಡೂ ಇದ್ದವು. ನಸೀಮಾಳ ಎರಡನೆಯ ತೋಳು ಅಂತೂ ಬಂದು ಮುಟ್ಟಿತು. ಆದರೆ ಅಪ್ಪನ ಟಿವಿ ಮಾತ್ರ 'ಸಂಪರ್ಕವಿಲ್ಲ' ಎಂದೇ ಹೇಳುತ್ತಿತ್ತು.

ರವಿವಾರ ಬೆಳಗಾಯಿತು. ರೊಟ್ಟಿ ತಿಂದು ಮತ್ತೆ ಕೂತೆ. ಗೇಮ್ ಡಬ್ಬಿಗೆ ವೈಫೈ ಬಿಟ್ಟು ವಾಯರಿನ ಮೇಲೆಯೇ ಹೋಗು ಎಂದು ಮೊದಲು ಹೇಳಬೇಕಂತೆ. ಡಬ್ಬಿಯ ಜೊತೆ ಬಂದ ಪುಸ್ತಕ ಓದಿ ಅದೂ ತಿಳಿಯಿತು. ಹೇಳಿದೊಡನೆ ಅದು ಇಂಗ್ಲಿಷಿನಲ್ಲಿ ಎರಡು ದಾರಿ ತೋರಿಸಿತು. ಮೇಲೆ ಈಝಿ, ಕೆಳಗೆ ಕಸ್ಟಮ್. ಎಲ್ಲವನ್ನೂ ನಾವೇ ತುಂಬುವ ಕಸ್ಟಮ್ಮನ್ನೇ ನಾನು ಒತ್ತಿದೆ. ಅದು ಅಂಕಿಗಳನ್ನು ಕೇಳಿತು. ಇಂಟರ್‌ನೆಟ್ಟಿಗೆ ಹಚ್ಚಿದ ಮನೆಯ ಒಂದೊಂದು ಯಂತ್ರಕ್ಕೂ ಅಂಕಿಗಳ ಒಂದು ವಿಳಾಸವಿರುತ್ತದೆ. ರೌಟರಿನ ಚೀಟಿಯ ಮೇಲೆ ಅಂಥ ಒಂದು ವಿಳಾಸ ಅಚ್ಚಾಗಿತ್ತು. ಅದನ್ನೇ ಚೊಕ್ಕವಾಗಿ ನೋಡಿ ಬರೆದೆ.

ಅದು ರೌಟರಿನ ಸ್ವಂತ ವಿಳಾಸ. ಒಂದೇ ವಿಳಾಸದಲ್ಲಿ ಇಬ್ಬರು ಯಜಮಾನರಾದರು. ಯಾರ ಕಡೆ ಹೋಗಬೇಕೆಂದು ತಿಳಿಯದೆ ಇಂಟರ್‌ನೆಟ್ಟು ಯಾರ ಕಡೆಗೂ ಹೋಗಲಿಲ್ಲ. ಗೋಡೆಯಾಚೆಯಿಂದ ನಸೀಮಾಳ ಹೊಲಿಗೆ ಮಶೀನಿನ ಸದ್ದು ನಿಂತದ್ದು ನನಗೆ ಕೇಳಿಸಿತು.

ಅಷ್ಟರಲ್ಲಿ ರೇಣುಕಾಳ ಫೋನ್ ಬಂತು. ಅಪ್ಪ ತೆಗೆದುಕೊಂಡ. "ಹೂಂ. ಆರಾಮ. ನಿಮ್ಮಣ್ಣ ಮಾಡಾಕತ್ತಾನ. ಇಡ್ತೀನಿ." ಫೋನು ಇಟ್ಟು, ನನ್ನನ್ನು ನೋಡದೆ, ಗೋಡೆಯ ಕಡೆ ತಿರುಗಲು ತೊಡಗಿದ. ನಾನು ಬರೆದ ಅಂಕಿಗಳನ್ನೆಲ್ಲ ಅಳಿಸಿ ಹಿಂದಕ್ಕೆ ಹೋದೆ. ಟಿವಿಯಲ್ಲಿ ಮತ್ತೆ ಅದೇ ಎರಡು ದಾರಿ ಬಂದು ನಿಂತವು.

ಸುವರ್ಣಾ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಟಿವಿ ನೋಡಿದಳು.

"ರೀ, ಮ್ಯಾಲಿಂದು ಏನದು?"

"ಅದು ಈಝಿ. ಅಂದ್ರ ಸುಲಭ. ಏನೂ ತಿಳೀದವ್ರಿಗೆ ಇಟ್ಟಿರ್ತಾರ."

"ಹಂಗಾದ್ರ ನಮಗ ಅಂತನ ಇಟ್ಟಾರಲ್ಲರಿ. ಒತ್ತರಿ."

ಒತ್ತಿದೆ. ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗಿತು. ನಾನು ಒಂದೂ ಅಂಕಿ ಹೇಳಿಕೊಡಲಿಲ್ಲ. ಡಬ್ಬಿ ರೌಟರನ್ನು ಏನೋ ಕೇಳಿತು, ರೌಟರು ಅದಕ್ಕೆ ಏನೋ ಹೇಳಿತು, ಎರಡೂ ತಮ್ಮಲ್ಲೇ ಮಾತಾಡಿ ಮುಗಿಸಿಕೊಂಡವು. ನನ್ನನ್ನು ನಡುವೆ ಕರೆಯಲೇ ಇಲ್ಲ. 'ಯಶಸ್ವಿ' ಎಂದು ಬಂತು.

ಅಪ್ಪನಿಗೆ ದಿಂಬು ಎತ್ತರಿಸಿ, ಕಿವಿಗೆ ಹೆಡ್‌ಫೋನ್ ಹಾಕಿದೆವು. ಹೊರಗೆ ಉರಿಬಿಸಿಲು, ಅಂಗಳದಲ್ಲಿ ಕಾಲಿಡುವಂತಿರಲಿಲ್ಲ. ಒಳಗೆ ಟಿವಿಯಲ್ಲಿ ಹಿಮ ಬೀಳತೊಡಗಿತು. ನಮ್ಮ ಮನೆಯಲ್ಲಿ ಯಾರೂ ಹಿಮ ಕಂಡವರಲ್ಲ. ಬೈಯಲೆಂದೇ ಬಂದ ನಸೀಮಾ ಬಾಗಿಲಲ್ಲಿ ನಿಂತವಳು ಬೈಯುವುದನ್ನು ಮರೆತು, ದುಪಟ್ಟಾ ಮೈತುಂಬ ಹೊದ್ದುಕೊಂಡು ಕೂತಳು. ಹಿಮದೊಳಗಿಂದ ಇನ್ನೊಂದು ಲಾರಿಯ ದೀಪ ಮೆಲ್ಲಗೆ ಹತ್ತಿರ ಬಂತು.

"ಬಂದ್ಯಾ ರೇಣವ್ವ?" ಎಂದ ಅಪ್ಪ.

ಗುಡ್ಡದ ತಿರುವಿನಲ್ಲಿ ಅಪ್ಪನ ಲಾರಿ ಹಿಮದಲ್ಲಿ ಹೂತಿತು. ಮಗಳು ಮುಂದೆ ಹೋದವಳು ತಿರುಗಿ ಬಂದು ಹಗ್ಗ ಕಟ್ಟಿದಳು. ನಾವೆಲ್ಲ ಉಸಿರು ಹಿಡಿದೆವು. ನನ್ನ ಕಣ್ಣು ಹೊಸ್ತಿಲ ಮೇಲೆ ಬಿದ್ದಿದ್ದ ವಾಯರಿನ ಮೇಲಿತ್ತು. ಅದರೊಳಗೆ ಕೂದಲಿಗಿಂತ ತುಸು ದಪ್ಪನೆಯ ಬಣ್ಣದ ಎಳೆಗಳಿವೆ, ಅಷ್ಟೇ. ಅವುಗಳೊಳಗಿಂದ ಒಂದು ಲಾರಿ, ಒಂದು ಹಗ್ಗ, ಒಂದು ಗುಡ್ಡದಷ್ಟು ಹಿಮ, ನನ್ನ ತಂಗಿಯ ನಗು, ಅಪ್ಪನ ಅರ್ಧ ಆಯುಷ್ಯದ ಮಾತು ಎಲ್ಲವೂ ಹಾಯ್ದು ಹೋಗುತ್ತಿದ್ದವು. ಎಷ್ಟು ಬಾಣ ಹಾಕಿದರೆ ಇದನ್ನು ಮಕ್ಕಳಿಗೆ ತೋರಿಸಬಹುದೋ ನನಗೆ ತಿಳಿಯಲಿಲ್ಲ. ಹಗ್ಗ ಬಿಗಿಯಾಯಿತು. ಕಡಿಯಲಿಲ್ಲ. ಲಾರಿ ಮೇಲೆ ಬಂತು. ಅಪ್ಪ ಮಗುವಿನ ಹಾಗೆ ನಕ್ಕ.

ಗುಡ್ಡದ ನೆತ್ತಿ ಮುಟ್ಟಿದ ಮೇಲೆ ಅಪ್ಪನಿಗೆ ಔಷಧ ಕೊಡುವ ಹೊತ್ತಾಯಿತು. ಅವನು ನೀರು ಕುಡಿಯುವತನಕ ಲಾರಿಯನ್ನು ನಾನು ಹಿಡಿಯುತ್ತೇನೆ ಎಂದೆ. ಇಷ್ಟೆಲ್ಲ ಕಷ್ಟಪಟ್ಟವನಿಗೆ ಅಷ್ಟಾದರೂ ಹಕ್ಕು ಇದೆಯಲ್ಲ. ಹೆಡ್‌ಫೋನ್ ಹಾಕಿಕೊಂಡು, ರಿಮೋಟು ಹಿಡಿದು, ನಿಂತ ಲಾರಿಯನ್ನು ಸ್ವಲ್ಪವೇ ಮುಂದೆ ತೆಗೆದುಕೊಂಡೆ. ಕಿವಿಯಲ್ಲಿ ರೇಣುಕಾಳ ದನಿ ಗಾಬರಿಯಿಂದ ಬಂತು.

"ಅಪ್ಪಾ, ಯಾಕ, ಕಣ್ಣಿಗೆ ಕತ್ತಲಿ ಬಂತೇನು? ದಾರಿ ಬಿಟ್ಟು ಹೊಂಟಿಯಲ್ಲ!"

ಉತ್ತರ ಕೊಡುವಷ್ಟರಲ್ಲಿ ಲಾರಿ ಸಾಮಾನಿನ ಸಮೇತ ಕಣಿವೆಗೆ ಉರುಳುತ್ತಿತ್ತು. ಅಪ್ಪ ಗುಳಿಗೆ ನುಂಗಿ, ಲೋಟ ಕೆಳಗಿಟ್ಟು, ಕೈ ಚಾಚಿದ. ಕೂಸಿನ ಕೈಯಿಂದ ಕುಡುಗೋಲು ಬಿಡಿಸಿಕೊಳ್ಳುವ ಹಾಗೆ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ರಿಮೋಟನ್ನು ತೆಗೆದುಕೊಂಡ.