ಗಾಡಿ ಬಾರದ ಹಾದಿ

ಆ ಸಂಜೆ ನಮ್ಮ ಓಣಿಯ ಸಮುದಾಯ ಭವನದಲ್ಲಿ ಇದ್ದವರು ವಾರ್ಡಿನ ಸದಸ್ಯೆ ಶಾಂತಕ್ಕ, ಮಗ್ಗ ನಿಲ್ಲಿಸಿ ಬಂದ ಗಜೇಂದ್ರಗಡದ ನೇಕಾರ ಮಂದಿ, ಹೆಂಗಸರ ಸಾಲಿನಲ್ಲಿ ನನ್ನ ಹೆಂಡತಿ ಗಿರಿಜಾ, ಮತ್ತು ಎಲ್ಲರಿಗಿಂತ ಹಿಂದೆ ಗೋಡೆಗೆ ಒರಗಿಕೊಂಡು ನಾನು. “ನಿಮ್ಮ ಆರೋಗ್ಯ ಚಲೋ ಇರಬೇಕಂದ್ರ ಪುರಸಭಾದವ್ರು ಏನ್ ಮಾಡಬೇಕು, ಬಾಯಿಬಿಟ್ಟು ಹೇಳ್ರಿ” ಎಂದರು ಶಾಂತಕ್ಕ. ಒಬ್ಬರು ಗಟಾರ ಬಳಿಸಿರಿ ಎಂದರು, ಇನ್ನೊಬ್ಬರು ಸೊಳ್ಳೆಗೆ ಹೊಗೆ ಹೊಡೆಸಿರಿ ಎಂದರು. ನಾನು ಎದ್ದು ನಿಂತು, “ಗಾಡಿ ಬರಲಾರದಂಥಾ ಒಂದ್ ಹಾದಿ ಮಾಡಿಕೊಡ್ರಿ” ಎಂದೆ. ಸಭೆ ಗೊಳ್ಳೆಂದು ನಕ್ಕಿತು. ನಗಲಿ ಬಿಡಿ. ಊರೆಲ್ಲ ಗಾಡಿ ಓಡುವ ರಸ್ತೆ ಕೇಳುವಾಗ ಒಬ್ಬ ಮುದುಕ ಗಾಡಿ ಓಡದ ರಸ್ತೆ ಕೇಳಿದರೆ ನಗದೆ ಏನು ಮಾಡಿಯಾರು? ಆದರೆ ನನ್ನ ಕಷ್ಟ ನನಗೇ ಗೊತ್ತಿತ್ತು.

ಮೈಯಲ್ಲಿ ಸಕ್ಕರೆ ಏರಿದೆ ಎಂದು ಡಾಕ್ಟರು ಹೇಳಿದ್ದರು. ದಿನಾ ನಡೆಯಿರಿ, ಮುಂದಿನ ಸಲ ಬರುವುದರೊಳಗೆ ಇಳಿಯದಿದ್ದರೆ ದಿನಾ ಸೂಜಿ ಚುಚ್ಚಿಕೊಳ್ಳಬೇಕಾಗುತ್ತದೆ ಎಂದೂ ಹೇಳಿದ್ದರು. ಸೂಜಿ ಎಂದರೆ ನನಗೆ ಎಂಥ ಪ್ರೀತಿ ಎಂಬುದನ್ನು ನಮ್ಮ ದವಾಖಾನೆಯ ನರ್ಸಮ್ಮನನ್ನು ಕೇಳಬೇಕು. ಆಕೆ ಬಾಟಲಿ ಅಲುಗಾಡಿಸುವ ಮೊದಲೇ ನಾನು ಬಾಗಿಲು ದಾಟಿರುತ್ತೇನೆ. ಆದರೂ ಒಂದು ಮಾತು ವಾದಿಸಿ ನೋಡಿದೆ. “ನಾ ಕುಣಿಮಗ್ಗದಾಗ ಕಾಲು ಇಳಿಬಿಟ್ಟು ಕುಂತು ಸೀರಿ ನೇಯೂ ಮನಿಷ್ಯಾರೀ. ದಿನಾ ಮುಂಜಾನಿಂದ ಸಂಜಿತನಾ ಕಾಲಾಗ ತುಳಿಯೂದೇ ಕೆಲಸ. ನನ್ನ ಕಾಲು ನಡಕೊಂತನ ಇರ್ತಾವ್ರಿ, ನಾ ಅಷ್ಟ ಕುಂತಲ್ಲೇ ಇರ್ತೀನಿ.” ಡಾಕ್ಟರು ಚೀಟಿಯಿಂದ ತಲೆ ಎತ್ತದೆ, “ಹಂಗಾದ್ರ ಇನ್ನಮ್ಯಾಲೆ ಕಾಲಿನ ಜೋಡಿ ನೀವೂ ಹೋಗ್ರಿ” ಎಂದರು.

ಹೋದೆ. ಮರುದಿನ ಬೆಳಗ್ಗೆ ರೋಣದ ರಸ್ತೆ ಹಿಡಿದು ಹೊರಟೆ. ಬಸ್‌ಸ್ಟ್ಯಾಂಡ್ ದಾಟಿದ್ದೆನೋ ಇಲ್ಲವೋ, ನಮ್ಮ ಮಗ್ಗುಲ ಮನೆಯ ಮಲ್ಲಪ್ಪ ಮೋಟಾರ್ ಸೈಕಲ್ಲು ತಂದು ಪಕ್ಕಕ್ಕೆ ನಿಲ್ಲಿಸಿದ.

“ಕಾಕಾ, ಎಲ್ಲಿಗೆ ಹೊಂಟ್ರಿ?”

“ಎಲ್ಲಿಗೂ ಇಲ್ಲೋ, ಸುಮ್ಮನ ಹೊಂಟೀನಿ.”

“ಸುಮ್ಮನ ಅಂದ್ರ? ಮನ್ಯಾಗ ಏನರ ಜಗಳ ಆಗೇತೇನ್ರಿ?”

ನಾನು ನಕ್ಕೆ. ನಕ್ಕಿದ್ದೇ ತಪ್ಪಾಯಿತು. ದುಃಖ ಮುಚ್ಚಿಡುತ್ತಿದ್ದೇನೆಂದು ತಿಳಿದ ಆ ಪುಣ್ಯಾತ್ಮ ನನ್ನನ್ನು ಹಿಂದೆ ಹತ್ತಿಸಿಕೊಂಡು ಸೀದಾ ಮನೆಗೆ ತಂದು ಇಳಿಸಿದ. “ಕಾಕೂ, ಸಿಟ್ಟು ಬಿಡ್ರಿ. ಈ ವಯಸ್ಸಿನ್ಯಾಗ ಕಾಕಾ ಎಲ್ಲಿಗೆ ಹೋಗಬೇಕು ಪಾಪ” ಎಂದು ನನ್ನ ಹೆಂಡತಿಗೆ ಬುದ್ಧಿ ಹೇಳಿ ಹೋದ.

ಇನ್ನೊಂದು ದಿನ ಪರಿಚಯದ ರೈತರೊಬ್ಬರು ಗಾಡಿ ನಿಲ್ಲಿಸಿ ಹತ್ತಿರಿ ಎಂದರು. ಬೇಡವೆಂದರೆ, “ನಮ್ಮ ಗಾಡಿ ಹಳೇದಂತ ಬ್ಯಾಡ ಅಂತೀರೇನು?” ಎಂದು ಮುಖ ಸಣ್ಣ ಮಾಡಿದರು. ಹತ್ತಿದೆ. ಮಾತಿನ ಭರದಲ್ಲಿ ಅವರು ನಿಲ್ಲಿಸಲಿಲ್ಲ, ನಾನು ನಿಲ್ಲಿಸಿರಿ ಎನ್ನಲಿಲ್ಲ. ಅವರ ಊರು ಸೂಡಿಯಲ್ಲೇ ಇಳಿದು, ಅವರ ಮನೆಯಲ್ಲಿ ಸಕ್ಕರೆ ಹಾಕಿದ ಚಹಾ ಕುಡಿದು, ಬಸ್ಸಿನಲ್ಲಿ ತಿರುಗಿ ಬಂದೆ. “ವಾಕಿಂಗ್ ಬಸ್ಸಿನ್ಯಾಗ ಕುಂತು ಮಾಡಿದ್ರೇನು?” ಎಂದಳು ಗಿರಿಜಾ.

ಹಾಗೆಂದು ಅವರನ್ನು ಬೈಯುವುದು ಹೇಗೆ? ನಾನು ಬೆಳೆದದ್ದೇ ಅಂಥ ಮನೆಯಲ್ಲಿ. ಒಮ್ಮೆ ನಮ್ಮಪ್ಪ ಚಕ್ಕಡಿಯಲ್ಲಿ ಬರುತ್ತ ಸವಡಿಯ ಹಾದಿಯಲ್ಲಿ ಯಾರನ್ನೋ ಹತ್ತಿಸಿಕೊಳ್ಳದೆ ಬಂದನೆಂದು ನಮ್ಮ ಅಜ್ಜಿ ಅವನಿಗೆ ರೊಟ್ಟಿ ಹಾಕಿರಲಿಲ್ಲ. “ಒಂದ್ ಜೀವ ಬಿಸಲಾಗ ನಡಕೊಂತ ಹೊಂಟಿದ್ದು ಕಣ್ಣಿಗೆ ಕಾಣಲಿಲ್ಲೇನು ನಿನಗ? ಕಾಣದಿದ್ರ ರೊಟ್ಟೀನೂ ಕಾಣೂದಿಲ್ಲ, ಹೋಗು” ಎಂದಿದ್ದಳು. ಅಂಥ ಅಜ್ಜಿಯರು ಬೆಳೆಸಿದ ಊರಿನಲ್ಲಿ ಡಾಕ್ಟರು ನನಗೆ ನಡೆಯಲು ಹೇಳಿದ್ದರು!

ಇದನ್ನೆಲ್ಲ ಸಭೆಯಲ್ಲಿ ಹೇಳಿ ಮುಗಿಸಿದಾಗ ಶಾಂತಕ್ಕ ಸೆರಗಿನಿಂದ ಕಣ್ಣೀರು ಒರೆಸಿಕೊಳ್ಳುತ್ತಿದ್ದರು, ನಕ್ಕು ನಕ್ಕು. “ಖರೇ ಐತ್ರಿ. ಆದ್ರ ನಿಮ್ಮೊಬ್ಬರ ಸಲುವಾಗಿ ಹಾದಿ ಮಾಡಾಕ ಬರತೈತೇನ್ರಿ?” ಎಂದರು.

ಆಗ ಹೆಂಗಸರ ಸಾಲಿನಿಂದ ಗಿರಿಜಾ ಎದ್ದಳು. “ನನಗೂ ಬೇಕ್ರಿ” ಎಂದಳು. “ಮಗ್ಗದಾಗ ಕುಂತು ಕುಂತು ನನ್ನ ಸೊಂಟಾನೂ ಹಿಡದೈತಿ. ನಾ ದಿನಾ ಸಂಜಿಮುಂದ ಖಾಲಿ ಚೀಲ ಹಿಡಕೊಂಡು ಸಂತಿ ಬಯಲತನಾ ಹೋಗಿ ಬರ್ತೀನಿ. ಕೈಯಾಗ ಚೀಲಿದ್ರ ಯಾರೂ ಎಲ್ಲಿಗೆ ಅಂತ ಕೇಳೂದಿಲ್ಲ.” ನಾನು ಬಾಯಿ ತೆರೆದುಕೊಂಡು ನಿಂತೆ. ದಿನಾ ಕಾಯಿಪಲ್ಯ ತರಲು ಹೋಗಿ ದಿನಾ ಖಾಲಿ ಚೀಲ ತರುತ್ತಾಳಲ್ಲ, ಚೌಕಾಶಿ ಜಾಸ್ತಿಯಾಯಿತು ಇವಳದು ಎಂದುಕೊಂಡಿದ್ದೆ. ಅಷ್ಟರಲ್ಲಿ ಅವಳ ಹಿಂದಿನಿಂದ “ನಮಗೂ ಬೇಕ್ರೀ” ಎಂದು ಮತ್ತಷ್ಟು ಹೆಂಗಸರು ಎದ್ದರು. ನಮ್ಮೂರ ಚೀಲಗಳಲ್ಲಿ ಎಷ್ಟು ಖಾಲಿ ಇದ್ದವೋ ದೇವರೇ ಬಲ್ಲ.

ಪುರಸಭೆಯವರು ನೀರಿನ ಟಾಕಿಯ ಹತ್ತಿರದ ಮೈದಾನದ ಸುತ್ತ ಹಾದಿ ಮಾಡಿದರು, ಬೇವಿನ ಗಿಡಗಳ ಕೆಳಗೆ ಕೂಡಲು ಕಲ್ಲಿನ ಬೆಂಚು ಹಾಕಿದರು. ಬಾಗಿಲಲ್ಲಿ ಒತ್ತೊತ್ತಾಗಿ ಕಬ್ಬಿಣದ ಕಂಬ ನೆಟ್ಟರು. ಮನುಷ್ಯ ಅಡ್ಡಡ್ಡ ಆದರೆ ಒಳಗೆ ಹೋಗಬಹುದು, ಗಾಡಿ ಏನು ಮಾಡಿದರೂ ಹೋಗಲಾರದು. ಈಗ ಸಂಜೆಯಾದರೆ ಅಲ್ಲಿ ಜಾತ್ರೆ. ಗಿರಿಜಾ ಚೀಲ ಮನೆಯಲ್ಲೇ ಬಿಟ್ಟು ಕೈ ಬೀಸಿಕೊಂಡು ನನ್ನನ್ನು ಹಿಂದೆ ಹಾಕಿ ಹೋಗುತ್ತಾಳೆ. ತಿರುಗಿ ನೋಡಿ, “ಯಾರರ ಗಾಡಿ ತರಸ್ಲೇನ್ರಿ?” ಎನ್ನುತ್ತಾಳೆ.

ಡಾಕ್ಟರ ಕಡೆ ಹೋಗುವ ದಿನ ಬಂತು. ಸಕ್ಕರೆ ಇಳಿದಿತ್ತು, ಸೂಜಿ ತಪ್ಪಿತು. ಆ ಖುಷಿಯಲ್ಲಿ ನನ್ನ ಹಳೆಯ ಸ್ಕೂಟರ್ ಹೊಡೆದುಕೊಂಡು ತಿರುಗಿ ಬರುತ್ತಿದ್ದೆ. ರಸ್ತೆಯ ಬದಿಗೆ ವಯಸ್ಸಾದವರೊಬ್ಬರು ಬೆವರು ಒರೆಸಿಕೊಳ್ಳುತ್ತ ನಡೆದಿದ್ದರು. ನೋಡಿ ಮನಸ್ಸು ತಡೆಯಲಿಲ್ಲ. “ಹತ್ರಿ ಯಜಮಾನ್ರ, ಬಿಡ್ತೀನಿ” ಎಂದೆ. ಬೇಡ ಬೇಡ ಎಂದರು. ಸಂಕೋಚದ ಮನುಷ್ಯರು ಎಂದುಕೊಂಡು ಇನ್ನಷ್ಟು ಒತ್ತಾಯ ಮಾಡಿ, ಹತ್ತಿಸಿಕೊಂಡು, ಅವರ ಮನೆಯ ಬಾಗಿಲಿಗೇ ಇಳಿಸಿದೆ. ಅವರ ಹೆಂಡತಿ ಹೊರಗೆ ಬಂದು, “ಅಯ್ಯ, ಇಷ್ಟ್ ಲಗೂ ಬಂದ್ರಿ? ಡಾಕ್ಟರು ನಡೀರಿ ಅಂದಿದ್ರಲ್ಲ?” ಎಂದರು. ನಾನು ಸ್ಕೂಟರ್ ತಿರುಗಿಸಿಕೊಂಡು, ಟಾಕಿಯ ಹತ್ತಿರ ಒಂದು ಹಾದಿ ಇದೆ ಎಂದಷ್ಟೇ ಹೇಳಿ ಹೊರಟುಬಂದೆ.

ಮರುದಿನ ಸಂಜೆ ಅವರು ಕಂಬದ ಸಂದಿಯಲ್ಲಿ ಅಡ್ಡಡ್ಡ ಹಾದು ಒಳಗೆ ಬಂದರು. ನನ್ನನ್ನು ಕಂಡೊಡನೆ ಅಲ್ಲೇ ನಿಂತರು.

“ಗಾಡಿ ಹೊರಗ ಬಿಟ್ಟೀರಿಲ್ರೀ?” ಎಂದು ಕೇಳಿ, ಹೌದೆಂದ ಮೇಲೆಯೇ ಮುಂದಿನ ಹೆಜ್ಜೆ ಇಟ್ಟರು.