ಹರಿಹರಕ್ಕೆ ಹೋದ ಹಿತ್ತಲ ಮಾತು

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ದೇವರ ಮುಂದೆ ಕಣ್ಣು ಮುಚ್ಚಿ ನಿಂತರೆ ಶ್ಲೋಕದ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಅನುಮಾನ ಬಂದು, ದೇವರನ್ನು ಅಲ್ಲೇ ನಿಲ್ಲಿಸಿ ಅಡುಗೆಮನೆಗೆ ಹೋಗಿಬರುತ್ತೇನೆ. ಮದುವೆ ಊಟಕ್ಕೆ ಕೂತರೆ ಪಲ್ಯ ನಮ್ಮ ಪಂಕ್ತಿಗೆ ಬರುವ ಮೊದಲೇ ಎದ್ದು ಹೋಗಿ ಯಾಕೆ ತಡ ಎಂದು ಬಡಿಸುವವರನ್ನು ವಿಚಾರಿಸಿದ್ದೂ ಉಂಟು. ಅದು ನಮ್ಮ ಬೀಗರ ಮನೆಯ ಮದುವೆಯೂ ಆಗಿರಲಿಲ್ಲ. ಇಂಥ ಸ್ವಭಾವದವರಿಗೆ ಮನೆ, ನೌಕರಿ ಎರಡೂ ಸಾಲುವುದಿಲ್ಲ. ಮೈಮೇಲೆ ಹಾಕಿಕೊಳ್ಳಲು ಇನ್ನೊಂದು ಉಸಾಬರಿ ಬೇಕು. ನಮ್ಮತ್ತೆ ಮಹಿಳಾ ಮಂಡಳಿ ಕಟ್ಟಿದ್ದರು. ನಾನು ಅಂತರ್ಜಾಲದಲ್ಲಿ ಒಂದು ಚರ್ಚಾಕಟ್ಟೆ ಕಟ್ಟಿದೆ.

ವಿದ್ಯಾನಗರದ ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿ ನಾನು ಸಹಾಯಕಿ. ಕೆಟ್ಟ ಮೀಟರುಗಳ ನಡುವೆಯೇ ಅರ್ಧ ಆಯುಷ್ಯ ಕಳೆದವಳಿಗೆ ಹೊಳೆದದ್ದು ರಿಪೇರಿಯೇ. ಮಿಕ್ಸಿ, ಫ್ಯಾನು, ಹೊಲಿಗೆ ಯಂತ್ರ, ಏನೇ ಕೆಟ್ಟರೂ ಊರಿನವರು ಬಂದು ಕೇಳಲಿ, ಗೊತ್ತಿದ್ದವರು ಹೇಳಲಿ ಎಂದು ‘ರಿಪೇರಿ ಕಟ್ಟೆ’ ಶುರುವಾಯಿತು. ಅದರ ಸರ್ವರ್ ಎಂದರೆ ಕೆ.ಬಿ. ಬಡಾವಣೆಯ ನಮ್ಮ ಮನೆಯ ಕಿಟಕಿಯ ಕೆಳಗೆ ಗೊರಗೊರ ಎನ್ನುತ್ತಾ ಕೂತಿರುವ ಒಂದು ಹಳೆಯ ಕಂಪ್ಯೂಟರು. ನಮ್ಮ ಯಜಮಾನರಿಗೆ ಅದರ ಮೇಲೆ ಮೊದಲಿನಿಂದಲೂ ಸಿಟ್ಟು. “ಮೊಬೈಲ್‌ನಾಗೆ ಗ್ರೂಪ್ ಐತಲ್ಲೇ, ಅದ್ರಾಗ ಕೇಳಿದ್ರೆ ಸಾಯ್ತಾರಾ?” ಎನ್ನುತ್ತಾರೆ. ಮೊಬೈಲ್ ಗ್ರೂಪಿನಲ್ಲಿ ಬೆಳಿಗ್ಗೆ ಕೇಳಿದ ಮಿಕ್ಸಿಯ ಪ್ರಶ್ನೆ ಹತ್ತು ಗಂಟೆಯೊಳಗೆ ಶುಭೋದಯದ ಗುಲಾಬಿ ಹೂಗಳ ಕೆಳಗೆ ಹೂತುಹೋಗಿರುತ್ತದೆ, ಕಟ್ಟೆಯಲ್ಲಾದರೆ ವರ್ಷ ಕಳೆದರೂ ಇಟ್ಟ ಜಾಗದಲ್ಲೇ ಇರುತ್ತದೆ ಎಂದು ಎಷ್ಟು ಸಲ ಹೇಳಿದ್ದೇನೋ. “ವರ್ಷ ಕಳೆದ್ರೂ ಉತ್ರ ಬರದಂಗೆ ಇರ್ತೈತೆ ಅನ್ನು,” ಎಂದು ಅವರು ಪೇಪರು ಮಗುಚಿ ಹಾಕುತ್ತಾರೆ.

ಅವರ ಮಾತು ಸುಳ್ಳಾಗಿರಲಿಲ್ಲ, ಅದೇ ನನ್ನ ಸಂಕಟ. ಸದಸ್ಯರೇನೋ ಇದ್ದರು. ಕೇಳುವವರೂ ಇದ್ದರು. ಹೇಳುವವರು ಮಾತ್ರ ನಾನು ಮತ್ತು ಆನೆಕೊಂಡದ ಬಸವರಾಜ ಇಬ್ಬರೇ. ಬಸವರಾಜ ಹಿಟ್ಟಿನ ಗಿರಣಿಯವನು, ನನ್ನ ಜೊತೆ ಕಟ್ಟೆಯನ್ನು ನೋಡಿಕೊಳ್ಳುವವನು, ನನ್ನನ್ನು ಅಕ್ಕಾ ಎನ್ನುವವನು. ಯಾರು ಜಗಳಾಡಿದರು, ಯಾರನ್ನು ಹೊರಗೆ ಹಾಕಬೇಕು ಎಂಬುದನ್ನೆಲ್ಲ ನಾವಿಬ್ಬರೇ ಮಾತಾಡಿಕೊಳ್ಳಲು ‘ಹಿತ್ತಲು’ ಎಂಬ ಒಂದು ಗುಟ್ಟಿನ ವಿಭಾಗ ಮಾಡಿಕೊಂಡಿದ್ದೆವು. ಯಾರೂ ಜಗಳಾಡದೆ ಇದ್ದದ್ದರಿಂದ ಅಲ್ಲಿ ಬರೀ ಚಾಡಿಯೇ ನಡೆಯುತ್ತಿತ್ತು. ಇಬ್ಬರೇ ಎಷ್ಟು ದಿನ ಉತ್ತರ ಹೇಳುವುದು? ಕಟ್ಟೆ ಖಾಲಿಯಾಗುತ್ತಾ ಬಂತು. ನಾನು ದಿನಕ್ಕೆ ನಲವತ್ತು ಸಲ ಅದನ್ನು ತೆರೆದು, ಹೊಸದೇನೂ ಇಲ್ಲ ಎಂದು ನೋಡಿ, ಮುಚ್ಚಿ, ಇಷ್ಟರಲ್ಲಿ ಬಂದಿರಬಹುದೇ ಎಂದು ಮತ್ತೆ ತೆರೆಯುತ್ತಿದ್ದೆ.

ಆಗ ಗೊತ್ತಾದದ್ದು ಹರಿಹರದಲ್ಲೂ ಇಂಥದೇ ಒಂದು ಕಟ್ಟೆ ಇದೆ ಎಂದು. ‘ಹೊಳೆದಂಡೆ ರಿಪೇರಿ ಬಳಗ.’ ಅದನ್ನು ನಡೆಸುವವರು ಖಾದರ್ ಸಾಹೇಬರು. ಸುಟ್ಟ ಮೋಟಾರಿಗೆ ತಂತಿ ಸುತ್ತುವುದರಲ್ಲಿ, ಹೊಲಿಗೆ ಯಂತ್ರ ಬಿಚ್ಚುವುದರಲ್ಲಿ ಹೆಸರಾದವರು. ಈಗಿನ ಕಾಲದಲ್ಲಿ ಇಂಥ ಎರಡು ಕಟ್ಟೆಗಳನ್ನು ಒಂದಕ್ಕೊಂದು ಜೋಡಿಸಬಹುದು. ಯಾವುದೋ ದೊಡ್ಡ ಕಂಪನಿಯ ಕೈಕೆಳಗೆ ಹೋಗಬೇಕಿಲ್ಲ. ಅವರ ಮನೆ ಅವರದು, ನಮ್ಮ ಮನೆ ನಮ್ಮದು, ನಡುವಿನ ಕಾಂಪೌಂಡಿನ ಮೇಲೆ ಹುಳಿಯ ಬಟ್ಟಲು ಆ ಕಡೆಗೆ ಈ ಕಡೆಗೆ ಓಡಾಡುತ್ತದೆ. ದಾವಣಗೆರೆಯಲ್ಲಿ ಕೇಳಿದ್ದಕ್ಕೆ ಹರಿಹರದಲ್ಲಿ ಕೂತು ಉತ್ತರ ಬರೆದರೆ ಅದು ಎರಡೂ ಕಡೆ ಕಾಣುತ್ತದೆ. ಒಂದು ಪ್ರತಿ ಅಲ್ಲಿ, ಒಂದು ಪ್ರತಿ ಇಲ್ಲಿ. ಕೇಳಿ ನನಗೆ ಆನಂದವಾಯಿತು. ಆದರೆ ಜೋಡಣೆಗೆ ಒಂದು ಕಡೆಯವರು ಇನ್ನೊಂದು ಕಡೆಯವರನ್ನು ಮೊದಲು ‘ಅನುಸರಿಸಿ’ ಎಂಬ ಗುಂಡಿ ಒತ್ತಬೇಕು. ಅಲ್ಲಿ ಸಿಕ್ಕಿಬಿತ್ತು ಗಾಡಿ.

ವರ್ಷಗಟ್ಟಲೆ ತುಟಿ ಬಿಚ್ಚದ ನಮ್ಮ ಸದಸ್ಯರಿಗೆಲ್ಲ ಅವತ್ತು ಬಾಯಿ ಬಂತು. ಜಿಲ್ಲಾ ಕೇಂದ್ರ ನಮ್ಮದು, ತಾಲೂಕಿನವರನ್ನು ನಾವು ಯಾಕೆ ಅನುಸರಿಸಬೇಕು? ಮೊದಲು ಅವರೇ ಬರಲಿ. ಹರಿಹರದವರು, ಹೊಳೆ ನಮ್ಮದು, ಅದರ ನೀರು ಕುಡಿಯುವವರು ನೀವು, ನೀವೇ ಬನ್ನಿ ಎಂದರಂತೆ. ಗಂಡಿನ ಕಡೆ ಯಾರು ಹೆಣ್ಣಿನ ಕಡೆ ಯಾರು ಎಂದು ತೀರ್ಮಾನವಾಗದ ಸಂಬಂಧದ ಹಾಗೆ ಹದಿನೈದು ದಿನ ಎಳೆದಾಡಿತು. ಕೊನೆಗೆ ಬಸವರಾಜನೇ ದಾರಿ ಹುಡುಕಿದ. ನಾನು, ಖಾದರ್ ಸಾಹೇಬರು ಫೋನ್ ಹಚ್ಚಿಕೊಂಡು ಒಂದು, ಎರಡು, ಮೂರು ಎನ್ನುವುದು, ಮೂರಕ್ಕೆ ಇಬ್ಬರೂ ಒಟ್ಟಿಗೆ ಒತ್ತುವುದು. ಹಾಗೇ ಮಾಡಿದೆವು. ಯಾವ ಯಾವ ವಿಭಾಗ ಕಳಿಸಬೇಕು ಎಂದು ಪರದೆ ಏನೋ ಪಟ್ಟಿ ತೋರಿಸಿ ಕೇಳಿತು. ಸಾಹೇಬರು ಫೋನಿನಲ್ಲಿ ಆಗಲೇ ‘ಎರಡು’ ಎಂದಿದ್ದರು. ಊರಿನ ಮಾನ ನನ್ನ ಬೆರಳ ತುದಿಯಲ್ಲಿರುವಾಗ ಪಟ್ಟಿ ಓದುತ್ತಾ ಕೂರಲಾಗುತ್ತದೆಯೇ? ‘ಎಲ್ಲವೂ’ ಎಂದು ಒತ್ತಿದೆ.

ಅಂದಿನಿಂದ ಕಟ್ಟೆಗೆ ಜೀವ ಬಂತು. ಬಂದದ್ದು ಖಾದರ್ ಸಾಹೇಬರಿಂದ. ಯಾರು ಏನೇ ಕೇಳಲಿ, ಅವರ ಉತ್ತರ ಇರುತ್ತಿತ್ತು. ಅವರಿಲ್ಲದಿದ್ದರೆ ನಮ್ಮದು ಮತ್ತೆ ಮೊದಲಿನ ಖಾಲಿ ಕಟ್ಟೆಯೇ. ಇದು ನನಗೂ ಗೊತ್ತಿತ್ತು. ಆದರೆ ಅವರ ಉತ್ತರ ಬಹಳ ಉದ್ದ. ಕುಕ್ಕರಿನ ರಬ್ಬರು ಬದಲಿಸಿ ಎನ್ನುವುದಕ್ಕೆ ಅವರ ತಾತನ ಕಾಲದ ಹಿತ್ತಾಳೆ ಪಾತ್ರೆಯಿಂದ ಶುರು ಮಾಡುತ್ತಿದ್ದರು. ಎರಡು ಊರು ಜೋಡಿಸಿದವಳು ನಾನು, ನನ್ನ ಮಾತು ಎರಡು ಸಾಲಿನದು, ಜನ ಮೆಚ್ಚಿಕೊಳ್ಳುವುದು ಅವರನ್ನು. ಹೊಟ್ಟೆಕಿಚ್ಚು ಎಂದೇ ಹೇಳಿಬಿಡುತ್ತೇನೆ. ಅದನ್ನೆಲ್ಲ ಹಿತ್ತಲಿನಲ್ಲಿ ಬಸವರಾಜನ ಮುಂದೆ ಕಕ್ಕುತ್ತಿದ್ದೆ.

ಮೊನ್ನೆ ಶುಕ್ರವಾರ ಮಧ್ಯಾಹ್ನ ಲ್ಯಾಬಿನಲ್ಲಿ ಡಬ್ಬಿ ಬಿಚ್ಚಿ, ಒಂದು ಕೈಯಲ್ಲಿ ರೊಟ್ಟಿ, ಒಂದು ಕೈಯಲ್ಲಿ ಫೋನು ಹಿಡಿದಿದ್ದೆ. ಯಾರದೋ ಫ್ಯಾನು ತಿರುಗುತ್ತಿಲ್ಲ ಎಂಬ ಪ್ರಶ್ನೆ, ಅದರ ಕೆಳಗೆ ಖಾದರ್ ಸಾಹೇಬರ ಹೆಸರು. ಹೆಸರು ಕಂಡದ್ದೇ ತಡ, ಹಿತ್ತಲಿಗೆ ಹೋಗಿ ಬರೆದೆ: ‘ಬಸವರಾಜ, ಸಾಹೇಬರು ಮತ್ತೆ ಶುರು ಮಾಡಿದರು. ಇವರ ಉತ್ತರ ಓದಿ ಮುಗಿಸುವಷ್ಟರಲ್ಲಿ ಬೇಸಿಗೆಯೇ ಕಳೆದು ಫ್ಯಾನು ಬೇಕಾಗುವುದಿಲ್ಲ.’ ಬರೆದು ನನ್ನ ಹಾಸ್ಯಕ್ಕೆ ನಾನೇ ನಕ್ಕು ರೊಟ್ಟಿ ಮುರಿದೆ. ಆಗ ಆ ಬರಹದ ಕೆಳಗೆ, ಹಿಂದೆಂದೂ ಕಾಣದ ಒಂದು ಸಣ್ಣ ಅಕ್ಷರದ ಸಾಲು ಕಾಣಿಸಿತು. ‘ಹೊಳೆದಂಡೆಗೆ ರವಾನೆ: ಕಾಯುತ್ತಿದೆ.’

ರೊಟ್ಟಿಯನ್ನು ಡಬ್ಬಿಗೆ ಹಾಕಿದೆ. ತಕ್ಷಣ ಅಳಿಸಿದೆ. ಅಳಿಸಿದರೆ ಅಳಿಯುವುದು ನಮ್ಮ ಕಟ್ಟೆಯಲ್ಲಿ ಕಾಣುವ ಪ್ರತಿ ಮಾತ್ರ, ರವಾನೆಗೆ ನಿಂತದ್ದು ನಿಂತೇ ಇರುತ್ತದೆ. ಸಾಹೇಬರ ಸರ್ವರು ಹಳೇ ಕಾಲದ್ದು, ಬಂದದ್ದನ್ನು ಇಟ್ಟುಕೊಳ್ಳಲು ಗೊತ್ತೇ ಹೊರತು ಅಳಿಸು ಎಂದರೆ ಕೇಳುವುದಿಲ್ಲ ಎಂದು ಅವರೇ ಒಮ್ಮೆ ಹೇಳಿದ್ದರು. ಕಾಯುತ್ತಿರುವುದು ಯಾಕೆ ಎಂಬುದೂ ಹೊಳೆಯಿತು. ಅವರ ಸರ್ವರಿರುವುದು ಅಂಗಡಿಯಲ್ಲಿ. ಶುಕ್ರವಾರ ನಮಾಜಿಗೆ ಹೋಗುವಾಗ ಷಟರಿನ ಜೊತೆ ಅದನ್ನೂ ಬಂದ್ ಮಾಡಿ, ಊಟ, ನಿದ್ದೆ ಮುಗಿಸಿ ನಾಲ್ಕಕ್ಕೆ ತೆರೆಯುತ್ತಾರೆ. ನಾಲ್ಕು ಗಂಟೆಗೆ ಅದು ಕಣ್ಣು ಬಿಟ್ಟ ಕೂಡಲೇ ನನ್ನ ಮಾತು ಅವರ ಮುಂದೆ ಹೋಗಿ ಕೂರುತ್ತದೆ. ಅವರು ನೊಂದುಕೊಂಡು ಸಂಬಂಧ ಕಡಿದುಕೊಂಡರೆ ಕಟ್ಟೆ ಮುಗಿಯಿತು. ಕಟ್ಟೆ ಹಾಳಾಗಲಿ, ಆ ಮನುಷ್ಯನಿಗೆ ಮುಖ ತೋರಿಸುವುದು ಹೇಗೆ? ನಾಲ್ಕರೊಳಗೆ ಮುಟ್ಟಿ ನಾನೇ ಹೇಳಿಕೊಂಡುಬಿಡೋಣ ಎಂದು ಅರ್ಧ ದಿನದ ರಜೆ ಬರೆದುಕೊಟ್ಟು ಹರಿಹರದ ಬಸ್ಸು ಹತ್ತಿದೆ.

ಅಂತರ್ಜಾಲದಲ್ಲಿ ಕಳಿಸಿದ ಮಾತನ್ನು ಬಸ್ಸಿನಲ್ಲಿ ಬೆನ್ನಟ್ಟಿಕೊಂಡು ಹೋದವಳು ನಾನೊಬ್ಬಳೇ ಇರಬೇಕು. ಕೂರಲಾಗದೆ ಎದ್ದು ನಿಂತೆ. ಸೀಟು ಖಾಲಿ ಇದ್ದರೂ ನಿಂತಿದ್ದನ್ನು ನೋಡಿ ಕಂಡಕ್ಟರು, “ಕೂಡ್ರಿ ಅಕ್ಕಾರ, ನಿಂತ್ರೇನು ಬಸ್ಸು ಜೋರಾಗಿ ಹೋಗ್ತೈತಾ?” ಎಂದ. ಬಸವರಾಜನಿಗೆ ಫೋನ್ ಮಾಡಿ ಹೇಳಿದೆ. ಅವನು ಗಿರಣಿಯ ಸದ್ದಿನ ನಡುವೆಯೇ, “ಅಕ್ಕಾ, ಹರಿಹರಕ್ಕೆ ಯಾಕ ಹೊಂಟೀರಿ? ನಿಮ್ಮನೆ ಮಿಷನ್ ಬಂದ್ ಮಾಡಿದ್ರೆ ಮಾತು ಅಲ್ಲೇ ನಿಂತ್ಕಂತಿತ್ತಲ್ಲ!” ಎಂದು ಕೂಗಿದ. ನಿಜವೇ. ಇದು ಬಸ್ಸು ಹತ್ತುವ ಮೊದಲು ನನಗೆ ಹೊಳೆಯಬೇಕಿತ್ತು. ಮನೆಗೆ ಫೋನ್ ಮಾಡಿ ಯಜಮಾನರಿಗೆ, ಕಿಟಕಿ ಹತ್ತಿರದ ಸ್ವಿಚ್ಚು ಆರಿಸಿ ಎಂದೆ. “ಯಾವ್ದು, ಕೆಂಪು ದೀಪದ್ದಾ?” “ಅದೇ, ಅದೇ.” “ಆರಿಸ್ದೆ ಬಿಡು.” ಸಮಾಧಾನದಿಂದ ಸೀಟಿನಲ್ಲಿ ಕೂತೆ. ಎರಡು ನಿಮಿಷ ಬಿಟ್ಟು ಫೋನು ತೆರೆದರೆ ಕಟ್ಟೆ ನಗುನಗುತ್ತಾ ನಡೆಯುತ್ತಲೇ ಇತ್ತು. ಅವರು ಆರಿಸಿದ್ದು ಫ್ರಿಜ್ಜನ್ನು. ಮತ್ತೆ ಫೋನ್ ಮಾಡಿದರೆ ಎತ್ತಲಿಲ್ಲ, ಮಧ್ಯಾಹ್ನದ ನಿದ್ದೆಗೆ ಜಾರಿದ್ದರು. ಅವತ್ತಿನ ಹಾಲು ಒಡೆದುಹೋದದ್ದಕ್ಕೆ ಇನ್ನೂ ನನ್ನನ್ನೇ ಬೈಯುತ್ತಿದ್ದಾರೆ.

ಹರಿಹರದಲ್ಲಿ ಇಳಿದು ಅಂಗಡಿ ಹುಡುಕುವಷ್ಟರಲ್ಲಿ ಮೂರಾಗಿತ್ತು. ಷಟರು ಎಳೆದಿತ್ತು. ಪಕ್ಕದಲ್ಲೇ ಮನೆ. ಸಾಹೇಬರು ಆಗಷ್ಟೇ ಊಟ ಮುಗಿಸಿ ಬಾಗಿಲಲ್ಲಿ ನಿಂತಿದ್ದರು, ತಲೆಯ ಮೇಲೆ ಇನ್ನೂ ಬಿಳಿ ಟೋಪಿ. ಫೋನಿನಲ್ಲಿ ಮಾತಾಡಿದ್ದು ಬಿಟ್ಟರೆ ಮುಖ ನೋಡಿದ್ದು ಅದೇ ಮೊದಲು. ಹೆಸರು ಹೇಳಿದ್ದೇ ತಡ, “ಅರೆ, ಬರ್ರಿ ಬರ್ರಿ ಮೇಡಂ! ಕೂಡ್ರಿ!” ಎಂದು ಒಳಗಿನಿಂದ ಕುರ್ಚಿ ತಂದು ಒರೆಸಿ ಹಾಕಿದರು. ಅಷ್ಟು ಗೌರವ ಕಂಡು ನಿಜ ಹೇಳುವ ಧೈರ್ಯ ಉಡುಗಿತು. ಬಾಯಿಗೆ ಬಂದದ್ದು, “ನಿಮ್ಮ ಸರ್ವರು ಬಂದ್ ಆಗಿದ್ದು ಕಾಣಿಸ್ತು. ಏನಾಯ್ತೋ ಅಂತ ನೋಡಿ ಹೋಗೋಣ ಅಂತ ಬಂದೆ.”

ಸಾಹೇಬರು ಒಂದು ಕ್ಷಣ ನನ್ನನ್ನೇ ನೋಡಿದರು. “ಮಿಷನ್ ಮಲಗಿದ್ದಕ್ಕ ದಾವಣಗೆರಿಯಿಂದ ಬಂದೀರಾ? ಇಂಥಾ ಮಂದಿ ಎಲ್ಲಿ ಸಿಕ್ತಾರ್ರಿ ಈಗ! ತಡೀರಿ, ನಿಮ್ಮ ಸಲುವಾಗಿ ಈಗ್ಲೇ ಎಬ್ಬಿಸ್ತೀನಿ,” ಎಂದು ಅಂಗಡಿಯ ಕಡೆ ಹೊರಟರು.

“ಬ್ಯಾಡ್ರಿ, ಬ್ಯಾಡ್ರಿ! ನಾಲ್ಕಕ್ಕೇ ತೆಗೀರಿ. ಅದಕ್ಕೂ ವಿಶ್ರಾಂತಿ ಬೇಕಲ್ಲ.”

“ಮಿಷನ್‌ಗೇನು ವಿಶ್ರಾಂತಿ!” ಎಂದು ಷಟರು ಎತ್ತಿಯೇಬಿಟ್ಟರು. ಕಂಪ್ಯೂಟರು ಕೆಮ್ಮಿ, ನರಳಿ, ಎದ್ದಿತು. ನಾನು ಪರದೆಗೆ ಅಡ್ಡ ನಿಲ್ಲಲು ನೋಡಿದೆ. ಅವರು ಕನ್ನಡಕ ಏರಿಸಿ ನನ್ನ ಪಕ್ಕದಿಂದಲೇ ಇಣುಕಿದರು. ಬೇಸಿಗೆ, ಫ್ಯಾನು, ಎಲ್ಲ ಬಂದು ಕೂತಿತ್ತು. ಓದಿದರು. ನಾನು ನೆಲ ನೋಡುತ್ತಾ ನಿಂತೆ. ಅವರು ಕನ್ನಡಕ ತೆಗೆದು, “ಇದು ಅಷ್ಟು ಕುದುರಿಲ್ಲ ಬಿಡ್ರಿ. ಹೋದ ತಿಂಗಳದ್ದು ಚಲೋ ಇತ್ತು. ಆ ಕುಕ್ಕರಿಂದು,” ಎಂದರು.

“ಹೋದ ತಿಂಗಳದ್ದಾ?”

ಅವರು ಪರದೆಯನ್ನು ಹಿಂದಕ್ಕೆ ಸರಿಸುತ್ತಾ ಹೋದರು. ಮೊದಲ ದಿನದಿಂದ ನಾನು, ಬಸವರಾಜ ಹಿತ್ತಲಿನಲ್ಲಿ ಆಡಿದ ಪ್ರತಿ ಮಾತೂ ಅಲ್ಲಿತ್ತು. ನಾನು ‘ಎಲ್ಲವೂ’ ಎಂದು ಒತ್ತಿದ್ದೆನಲ್ಲ, ಎಲ್ಲವೂ ಹೋಗಿತ್ತು. ಹರಿಹರದವರು ನಮ್ಮ ಹಿತ್ತಲನ್ನು ಓದಲೆಂದೇ ದಿನಾ ಬರುತ್ತಾರಂತೆ. “ಮೊದ್ಲೇ ಹೇಳಬಾರ್ದಿತ್ತಾ?” ಎಂದೆ, ಅಳು ಬರುವ ದನಿಯಲ್ಲಿ.

“ನಿಮ್ಮ ಹಿತ್ತಲ ಬಾಗ್ಲು ತೆಗೆದೈತೆ ಅಂತ ಹೊರಗಿನೋರು ಹೆಂಗ ಹೇಳದ್ರಿ? ಚಲೋ ಕಾಣ್ತೈತಾ? ನೀವೇ ನೋಡಿ ಹಾಕ್ಕಂತೀರಿ ಅಂತ ಸುಮ್ನಿದ್ದೆ,” ಎಂದು ಸಾಹೇಬರು ಕನ್ನಡಕ ಒರೆಸಿಕೊಂಡರು. “ಮೊದ್ಲು ಬ್ಯಾಸ್ರ ಆತು, ಸುಳ್ಳು ಯಾಕ ಹೇಳ್ಲಿ. ಆಮ್ಯಾಲೆ ನೋಡಿದ್ರೆ ನೀವು ಹೇಳಿದ್ದು ಖರೇನ ಐತೆ ಅನ್ನಿಸ್ತು. ಈಗ ಒಂದು ತಿಂಗಳಾತು, ನಾನು ಮೂರು ಸಾಲಿನ ಮ್ಯಾಲೆ ಬರ್ದೇ ಇಲ್ಲ. ನೀವು ನೋಡಿರ್ತೀರಲ್ಲ.”

ನಾನು ನೋಡಿರಲಿಲ್ಲ. ಅವತ್ತಿನ ಫ್ಯಾನಿನ ಉತ್ತರವನ್ನು ಅವರೇ ತೆಗೆದು ತೋರಿಸಿದರು: ‘ಕೆಪಾಸಿಟರ್ ಬದಲಿಸಿ. ಆಗದಿದ್ದರೆ ತನ್ನಿ, ನೋಡೋಣ.’ ಇಷ್ಟೇ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಚಹಾ ತರಿಸಿದರು, ಪಕ್ಕದಲ್ಲಿ ಕೂತು ವಿಭಾಗಗಳ ಪಟ್ಟಿಯಲ್ಲಿ ಹಿತ್ತಲಿನ ಗುರುತು ತೆಗೆಯುವುದನ್ನು ನನ್ನ ಫೋನಿನಲ್ಲೇ ಹೇಳಿಕೊಟ್ಟರು. ತಪ್ಪಾಯಿತು ಎನ್ನಲು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಅವರು ಬಿಸ್ಕತ್ತಿನ ತಟ್ಟೆ ಮುಂದಕ್ಕೆ ಸರಿಸಿದರು.

ಹಿಂತಿರುಗುವ ಬಸ್ಸಿನಲ್ಲಿ ಕೂತ ಕೂಡಲೇ ಅವರಿಗೆ ಕ್ಷಮೆ ಕೇಳಿ ಬರೆಯತೊಡಗಿದೆ. ಹೊಟ್ಟೆಕಿಚ್ಚಿನ ವಿಷಯ ಹೇಳದೆ ಕ್ಷಮೆ ಪೂರ್ತಿಯಾಗದು ಎನಿಸಿ ಅದನ್ನು ಬರೆದೆ. ಅದಕ್ಕೆ ಕಾರಣ ಹೇಳಲು ಕಟ್ಟೆ ಖಾಲಿಯಾಗಿದ್ದ ಕಾಲದ ಕಥೆ ಬರೆದೆ. ಅದು ಅರ್ಥವಾಗಲೆಂದು ನನ್ನ ಸ್ವಭಾವ, ನಮ್ಮತ್ತೆಯ ಮಹಿಳಾ ಮಂಡಳಿ ಎಲ್ಲ ಬಂದವು. ಬಸ್ಸು ದಾವಣಗೆರೆ ಮುಟ್ಟಿದಾಗ ಮುಗಿಸಿ ಕಳಿಸಿದೆ. ನಿಲ್ದಾಣದಲ್ಲಿ ಇಳಿದು ಹತ್ತು ಹೆಜ್ಜೆ ಹಾಕುವುದರೊಳಗೆ ಉತ್ತರ ಬಂತು, ಎರಡು ಸಾಲು: ‘ಅರ್ಧ ಓದಿದೆ ಮೇಡಂ, ಗಿರಾಕಿ ಬಂದರು. ಉಳಿದರ್ಧ ನಾಳೆ ಖಂಡಿತ ಓದುತ್ತೇನೆ.’

ಓದುತ್ತಾರೆ ಎಂದು ನನಗೆ ಗೊತ್ತು. ಅವರ ಬರಹವನ್ನು ನಾನು ಅರ್ಧದ ತನಕವೂ ಓದಿದವಳಲ್ಲ.