ಪಾಠ ಹೇಳಿದವಳಿಗೆ ಸೊನ್ನೆ ಗಂಟೆ

ನನ್ನ ಮಟ್ಟಿಗೆ ಅದು ನೀರು ಕುಡಿದಷ್ಟು ಸುಲಭದ ಕೆಲಸ. ಒಂದು ಭಾನುವಾರ ಒಂದು ಹಾಲಿಗೆ ಹೋಗುವುದು, ಬೆಳಿಗ್ಗೆ ಒಂದು ಸಹಿ ಹಾಕುವುದು, ಕುರ್ಚಿಯಲ್ಲಿ ಕೂರುವುದು, ಸರ್ಟಿಫಿಕೇಟು ಹಿಡಿದು ಮನೆಗೆ ಬರುವುದು. ಇಪ್ಪತ್ತಮೂರು ವರ್ಷ ಐಸಿಯುನಲ್ಲಿ ನಿಂತೇ ಇದ್ದವಳಿಗೆ ಒಂದು ದಿನ ಕೂರಲು ಬರುವುದಿಲ್ಲವೇ? ಬರುವುದಿಲ್ಲ. ಅದೇ ಈ ಕಥೆ.

ವಿಷಯ ತಿಳಿಯದವರಿಗೆ ಮೊದಲೇ ಹೇಳಿಬಿಡುತ್ತೇನೆ. ನಾವು ನರ್ಸುಗಳು ಐದು ವರ್ಷಕ್ಕೊಮ್ಮೆ ನಮ್ಮ ನೋಂದಣಿ ನವೀಕರಿಸಿಕೊಳ್ಳಬೇಕು. ಅದಕ್ಕೆ ಇಷ್ಟು ಗಂಟೆ ಪಾಠ ಕೇಳಿದ್ದೇವೆ ಎಂದು ಸರ್ಟಿಫಿಕೇಟು ತೋರಿಸಬೇಕು. ಅದಕ್ಕೆ ಕ್ರೆಡಿಟ್ ಅವರ್ಸ್ ಅನ್ನುತ್ತಾರೆ. ವಾರ್ಡಿನಲ್ಲಿ ಕಲಿತದ್ದು ಲೆಕ್ಕಕ್ಕಿಲ್ಲ. ಯಾಕೆಂದರೆ ರೋಗಿಗಳು ಸರ್ಟಿಫಿಕೇಟು ಕೊಡುವುದಿಲ್ಲ. ಗುಣವಾದವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ, ಗುಣವಾಗದವರು ಸಹಿ ಹಾಕುವ ಸ್ಥಿತಿಯಲ್ಲಿರುವುದಿಲ್ಲ.

ನನಗೆ ಕಡಿಮೆ ಬಿದ್ದದ್ದು ಆರೇ ಆರು ಗಂಟೆ. ಆದರೆ ಆ ಆರು ಗಂಟೆಯ ಮೇಲೆ ನನ್ನ ಇಡೀ ಬದುಕು ನಿಂತಿತ್ತು. ನಲವತ್ತೊಂದನೆಯ ವಯಸ್ಸಿನಲ್ಲಿ ನನಗೆ ಓದುವ ಹುಚ್ಚು ಹಿಡಿದು, ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ಕೋರ್ಸು ಮಾಡಿದ್ದೆ. ಹಾಗೆಂದರೆ ಮಾಮೂಲಿ ನರ್ಸಿಗಿಂತ ಒಂದು ಮೆಟ್ಟಿಲು ಮೇಲೆ. ಪ್ರತಿಯೊಂದಕ್ಕೂ ಡಾಕ್ಟರ ಮುಖ ನೋಡದೆ, ನಿಯಮದ ಒಳಗೆ ಕೆಲವು ನಿರ್ಧಾರಗಳನ್ನು ತಾನೇ ತೆಗೆದುಕೊಳ್ಳಬಹುದು. ಪಾಸಾಗಿ ಸಿಹಿ ಹಂಚಿ ಆಸ್ಪತ್ರೆಗೆ ವಾಪಸು ಹೋದರೆ, ಅಂಥ ಹುದ್ದೆಯೇ ಅಲ್ಲಿ ಇರಲಿಲ್ಲ! ಮೂರು ವರ್ಷ ಅದೇ ಡ್ಯೂಟಿ, ಅದೇ ಬೆಡ್‌ಪ್ಯಾನು. ಈಗ ಕೊನೆಗೂ ಒಂದು ಹುದ್ದೆ ಹುಟ್ಟಿತ್ತು. ತಿಂಗಳ ಕೊನೆಯೊಳಗೆ ನವೀಕರಿಸಿದ ನೋಂದಣಿ ಕೊಟ್ಟರೆ ಅದು ನನ್ನದು. ಕೊಡದಿದ್ದರೆ ಹೊರಗಿನವರನ್ನು ಕರೆಯುತ್ತಾರೆ.

ಅದೃಷ್ಟಕ್ಕೆ ನಮ್ಮ ಆಸ್ಪತ್ರೆಯವರೇ ಹಲಸೂರಿನ ಒಂದು ಹಾಲಿನಲ್ಲಿ ಆರು ಗಂಟೆಯ ಕಾರ್ಯಾಗಾರ ಇಟ್ಟುಕೊಂಡಿದ್ದರು. ವಿಷಯ: ವೆಂಟಿಲೇಟರ್ ಮೇಲಿರುವ ರೋಗಿಯ ಆರೈಕೆ. ನಮ್ಮ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಹಿಂದಿನ ದಿನ ನನ್ನನ್ನು ಕರೆದು ಬೆನ್ನು ತಟ್ಟಿದರು.

"ಶಾಂತಾ, ನೀವು ಸೀನಿಯರ್ ಮೋಸ್ಟು. ರಿಸೆಪ್ಷನ್‌ಗೆ ನೀವೇ ನಿಂತ್ಕೋಬೇಕು ರೀ. ಒಳ್ಳೇ ರೇಷ್ಮೆ ಸೀರೆ ಉಟ್ಕೊಂಡ್ ಬನ್ನಿ."

ಸೀನಿಯರ್ ಮೋಸ್ಟು! ನಾನು ಉಬ್ಬಿಹೋದೆ. ಪಾಠ ಕೇಳಲು ಬರುವವಳು ಬಾಗಿಲಲ್ಲಿ ಯಾಕೆ ನಿಲ್ಲಬೇಕು ಎಂಬ ಪ್ರಶ್ನೆ ತಲೆಗೆ ಹೊಳೆಯಲೇ ಇಲ್ಲ. ನಮ್ಮ ಕಸುಬಿನಲ್ಲಿ ಸೀನಿಯಾರಿಟಿ ಅಂದರೆ ಪನ್ನೀರುದಾನಿ ಯಾರ ಕೈಯಲ್ಲಿದೆ ಎಂಬುದೇ!

ಭಾನುವಾರ ಬೆಳಿಗ್ಗೆ ಲಿಂಗರಾಜಪುರದ ಮನೆಯಿಂದ ಮದುವೆಗೆ ಹೊರಟವಳ ಹಾಗೆ ಹೊರಟೆ. ಹಾಲಿನ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಪನ್ನೀರು ಎರಚಿದೆ, ಕಲ್ಲುಸಕ್ಕರೆ ಕೊಟ್ಟೆ. ಅಷ್ಟಕ್ಕೇ ಬಿಟ್ಟೆನೇ? ಪಕ್ಕದ ಮೇಜಿನ ಮೇಲೆ ಹಾಜರಿ ಪುಸ್ತಕ ಇತ್ತು. "ಇಲ್ಲಿ ಅಲ್ಲಮ್ಮಾ, ಈ ಕಾಲಂನಲ್ಲಿ ಸೈನ್ ಮಾಡು. ರಿಜಿಸ್ಟ್ರೇಷನ್ ನಂಬರ್ ಮರೀಬೇಡ" ಎಂದು ನೂರೈವತ್ತು ಜನರ ಕೈ ಹಿಡಿದು ಸಹಿ ಹಾಕಿಸಿದೆ. ನನ್ನ ಪೆನ್ನನ್ನೇ ಕೊಟ್ಟೆ. ನಾನು ಹಾಕಲಿಲ್ಲ. ನಾನು ಮನೆಯವಳಲ್ಲವೇ, ನನ್ನದೇನು ಅವಸರ ಅಂದುಕೊಂಡೆ. ಒಂಬತ್ತೂವರೆಗೆ ಸರಿಯಾಗಿ ಮೇಡಂ ಪುಸ್ತಕ ಮುಚ್ಚಿ ಬೀರುವಿನಲ್ಲಿಟ್ಟರು.

ಹತ್ತಾಯಿತು. ಮುಖ್ಯ ಉಪನ್ಯಾಸಕರಾದ ದೊಡ್ಡ ಡಾಕ್ಟರು ಬರಲಿಲ್ಲ. ಫೋನು ಮಾಡಿದರೆ ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ಸಿಕ್ಕಿಹಾಕಿಕೊಂಡಿದ್ದರು. ಆ ಜಾಗದಲ್ಲಿ ಸಿಕ್ಕಿಕೊಂಡವರನ್ನು ಯಾವ ವೈದ್ಯಶಾಸ್ತ್ರವೂ ಬಿಡಿಸಲಾರದು.

"ಶಾಂತಾ, ಒಂದ್ ಹತ್ ನಿಮಿಷ ಏನಾದ್ರೂ ಮಾತಾಡ್ತಿರಿ. ಜನ ಎದ್ದು ಹೋಗ್ಬಾರ್ದು" ಎಂದರು ಮೇಡಂ.

ಪನ್ನೀರುದಾನಿ ಕೆಳಗಿಟ್ಟು ವೇದಿಕೆ ಹತ್ತಿದೆ. ಹತ್ತು ನಿಮಿಷ ಎಂದದ್ದು ಎರಡೂವರೆ ಗಂಟೆಯಾಯಿತು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಗಿತ್ತು! ಗಂಟಲಿಗೆ ಕೊಳವೆ ಹಾಕಿದ ರೋಗಿ ಕೆಮ್ಮಿ ಕಫ ಉಗಿಯಲಾರ, ನಾವೇ ಸಣ್ಣ ಪೈಪು ಇಳಿಸಿ ಎಳೆಯಬೇಕು, ಎಳೆಯುವಷ್ಟು ಹೊತ್ತು ಅವನಿಗೆ ಉಸಿರಿಲ್ಲ, ಆದ್ದರಿಂದ ಹದಿನೈದು ಸೆಕೆಂಡಿಗಿಂತ ಹೆಚ್ಚು ಎಳೆಯಲೇಬಾರದು ಎಂದು ಹೇಳಿ, "ಎಲ್ಲಾರೂ ಉಸಿರು ಪೂರ್ತಿ ಹೊರಗೆ ಬಿಟ್ಟು ಮೂಗು ಹಿಡ್ಕೊಳ್ಳಿ ನೋಡೋಣ" ಎಂದೆ. ನೂರೈವತ್ತು ನರ್ಸುಗಳು ಮೂಗು ಹಿಡಿದರು. ಬಾಗಿಲಲ್ಲಿ ನಿಂತಿದ್ದ ಅಡುಗೆಯವರೂ ಹಿಡಿದರು. ನಾನು ಎಣಿಸುತ್ತಾ ಹೋದೆ. ಹದಿನೈದಕ್ಕೆ ಚಡಪಡಿಸಿದರು, ಇಪ್ಪತ್ತೈದಕ್ಕೆ ಅರ್ಧ ಹಾಲು ಬುಸ್ಸೆಂದಿತು, ಮೂವತ್ತಕ್ಕೆ ಅಡುಗೆಯವರು ಗೋಡೆ ಹಿಡಿದುಕೊಂಡರು. "ನೀವು ಇಡ್ಲಿ ವಡೆ ತಿಂದು ಬಂದ ಗಟ್ಟಿ ಜನ. ನಿಮ್ಗೇ ಹೀಗಾದ್ರೆ ಮಲಗಿರೋನ್ ಗತಿ ಏನು?" ಎಂದೆ. ಚಪ್ಪಾಳೆಯೋ ಚಪ್ಪಾಳೆ.

ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಭಾಗ್ಯಶ್ರೀ. ನಮ್ಮ ಐಸಿಯುನ ಹುಡುಗಿ. ಯಾದಗಿರಿ ಕಡೆಯವಳು, ಕೆ.ಆರ್. ಪುರದಲ್ಲಿ ಒಂದು ರೂಮು ಮಾಡಿಕೊಂಡು ಅಣ್ಣ ಅತ್ತಿಗೆಯ ಜೊತೆ ಇದ್ದಾಳೆ. ಕೆಲಸಕ್ಕೆ ಸೇರಿದ ದಿನದಿಂದ ನನ್ನ ಸೆರಗು ಹಿಡಿದೇ ಕಲಿತವಳು. ನಾನು ಹೇಳಿದ್ದು ಅವಳಿಗೆ ವೇದ.

ಡಾಕ್ಟರು ಹನ್ನೆರಡೂವರೆಗೆ ಬಂದರು. ಏಳು ನಿಮಿಷ ಮಾತಾಡಿದರು. ನರ್ಸುಗಳು ಆಸ್ಪತ್ರೆಯ ಬೆನ್ನೆಲುಬು ಎಂದರು. ನಿಜವೇ ಇರಬೇಕು, ಬೆನ್ನೆಲುಬು ಎದುರಿಗೆ ಕಾಣುವುದಿಲ್ಲವಲ್ಲ. ಆಮೇಲೆ ಅವರಿಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಉಪನ್ಯಾಸಕರೆಂಬ ಸರ್ಟಿಫಿಕೇಟು. ಅದನ್ನೆಲ್ಲ ಇಟ್ಟುಕೊಂಡು ತಟ್ಟೆ ಹಿಡಿದು ನಿಂತವಳು ಯಾರು? ಸೀನಿಯರ್ ಮೋಸ್ಟು!

ಸಂಜೆ ಎಲ್ಲರಿಗೂ ಆರು ಗಂಟೆಯ ಸರ್ಟಿಫಿಕೇಟು ಹಂಚಿದರು. ಹಂಚಿದವಳೂ ನಾನೇ. ಕಟ್ಟು ಖಾಲಿಯಾದಾಗ ನೋಡುತ್ತೇನೆ, ನನ್ನದಿಲ್ಲ!

"ಅಯ್ಯೋ, ನೀವು ಸೈನೇ ಮಾಡ್ಲಿಲ್ವಾ?" ಮೇಡಂಗೆ ನಿಜಕ್ಕೂ ಆಶ್ಚರ್ಯವಾಯಿತು. "ಇರ್ಲಿ, ಸಂಘದ ಆಫೀಸಲ್ಲಿ ಕೇಳಿ ನೋಡಿ, ಮಾಡ್ಕೊಡ್ತಾರೆ. ಹಾಗೇ ನೀವು ಹೇಳಿದ್ದೆಲ್ಲಾ ನೀಟಾಗಿ ಟೈಪ್ ಮಾಡಿ ಕಳಿಸ್ಬಿಡಿ, ರಿಪೋರ್ಟ್‌ಗೆ ಬೇಕು."

ಟೈಪು ಮಾಡಿ ಕಳಿಸಿದೆ, ಹತ್ತು ಪುಟ. ಮರುದಿನ ಶಿವಾಜಿನಗರದ ಬಸ್‌ಸ್ಟ್ಯಾಂಡಿನ ಹಿಂದಿರುವ, ಈ ಗಂಟೆಗಳ ಲೆಕ್ಕ ಇಡುವ ನರ್ಸುಗಳ ಸಂಘದ ಆಫೀಸಿಗೆ ಹೋದೆ. ಅಲ್ಲಿನ ಗುಮಾಸ್ತರು ಬಹಳ ಮರ್ಯಾದಸ್ಥರು. ಕುರ್ಚಿ ಕೊಟ್ಟರು, ನೀರು ಕೊಟ್ಟರು, ಗಂಟೆ ಮಾತ್ರ ಕೊಡಲಿಲ್ಲ.

"ಮೇಡಂ, ಸಿಸ್ಟಮಲ್ಲಿ ಎರಡೇ ಕಾಲಂ ಇರೋದು. ಪಾಠ ಮಾಡ್ದೋರು, ಪಾಠ ಕೇಳ್ದೋರು. ಮಾಡ್ದೋರು ಅಂತ ಡಾಕ್ಟರ್ ಹೆಸ್ರು ಮೊದ್ಲೇ ಅಪ್ರೂವ್ ಆಗಿದೆ. ಕೇಳ್ದೋರ್ ಲಿಸ್ಟಲ್ಲಿ ನಿಮ್ ಹೆಸ್ರಿಲ್ಲ."

"ಆದ್ರೆ ಪಾಠ ಮಾಡಿದ್ದೇ ನಾನು ಸಾರ್!"

"ಹಾಗಾದ್ರೆ ನಿಮ್ಗೆ ವಿಷಯ ಮೊದ್ಲೇ ಗೊತ್ತಿತ್ತು ಅಂತಾಯ್ತು. ಹೊಸದಾಗಿ ಏನೂ ಕಲೀಲಿಲ್ಲ. ಅವರ್ಸ್ ಕೊಡೋದು ಕಲಿತೋರಿಗೆ ಮೇಡಂ."

ಅವರು ಕೊಟ್ಟ ನೀರು ಕುಡಿದು ಎದ್ದು ಬಂದೆ.

ನನ್ನ ಗಂಡ ಮುನಿರಾಜು ದೊಡ್ಡನೆಕ್ಕುಂದಿಯ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಕೇಳಿ ಬಿದ್ದು ಬಿದ್ದು ನಕ್ಕರು.

"ಅಲ್ಲಾ ಕಣೇ, ಊರಿಗೆಲ್ಲಾ ಬಡಿಸಿ ನೀನು ಉಪವಾಸ ಎದ್ದು ಬಂದಿದೀಯಲ್ಲ!"

"ನಗ್ಬೇಡ್ರೀ. ಹೊಟ್ಟೆ ಉರೀತಿದೆ."

"ಸರಿ, ಪ್ರೂಫ್ ಇದ್ರೆ ಅರ್ಜಿ ಹಾಕೋಣ. ಫೋಟೋ ಇಲ್ವಾ?"

ಫೋಟೋಗಳಿದ್ದವು. ಇಬ್ಬರೂ ಕೂತು ಒಂದೊಂದೇ ನೋಡಿದೆವು. ಡಾಕ್ಟರಿಗೆ ಪೇಟ ಇಡುತ್ತಿರುವುದು, ಶಾಲು ಹೊದಿಸುತ್ತಿರುವುದು, ಡಾಕ್ಟರು ದೀಪದ ಪಕ್ಕ. ನಾನೂ ಇದ್ದೆ. ಒಂದರಲ್ಲಿ ನನ್ನ ಬಳೆ ಇತ್ತು, ಇನ್ನೊಂದರಲ್ಲಿ ಮೊಣಕೈ. ನಾನು ಪಾಠ ಮಾಡುವಾಗ ಫೋಟೋಗ್ರಾಫರು ತಿಂಡಿಗೆ ಹೋಗಿದ್ದರಂತೆ.

"ಸೀರೆ ಚೆನ್ನಾಗ್ ಬಂದಿದೆ" ಎಂದರು ಮುನಿರಾಜು. ಆ ದಿನ ನಾನು ಅವರ ಜೊತೆ ಮಾತು ಬಿಟ್ಟೆ.

ತಿಂಗಳು ಮುಗಿಯಲು ಒಂದೇ ಭಾನುವಾರ ಉಳಿದಿತ್ತು. ಆ ದಿನ ಇಂದಿರಾನಗರದಲ್ಲಿ ಬೇರೆಯವರ ಕಾರ್ಯಾಗಾರ. ಅದೇ ವಿಷಯ, ಅದೇ ಡಾಕ್ಟರು. ಹೆಸರು ಕೊಟ್ಟೆ. ಭಾಗ್ಯಶ್ರೀಗೂ ಇನ್ನೂ ಗಂಟೆಗಳು ಬೇಕಿದ್ದವು, ಅವಳೂ ಬಂದಳು. ಈ ಸಲ ಹಳೇ ಕಾಟನ್ ಸೀರೆ ಉಟ್ಟು, ಯಾರ ಮುಖವನ್ನೂ ನೋಡದೆ ನೇರ ಹೋಗಿ ಮೊದಲು ಸಹಿ ಹಾಕಿದೆ. ಭೂಕಂಪವಾದರೂ ಕುರ್ಚಿ ಬಿಡುವುದಿಲ್ಲ, ಬಾಯಿ ಬಿಡುವುದಿಲ್ಲ ಎಂದು ಶಪಥ ಮಾಡಿ ಕೂತೆ.

ಡಾಕ್ಟರು ಸಮಯಕ್ಕೆ ಸರಿಯಾಗಿ ಬಂದು ಕಾಗದ ತೆಗೆದು ಓದತೊಡಗಿದರು. ಮೊದಲ ವಾಕ್ಯಕ್ಕೇ ನನ್ನ ಕಿವಿ ನೆಟ್ಟಗಾಯಿತು. ನನ್ನ ಹತ್ತು ಪುಟ! ಅಕ್ಷರ ಅಕ್ಷರ ನನ್ನದೇ! "ಇಪ್ಪತ್ತಮೂರು ವರ್ಷ ರೋಗಿಯ ಹಾಸಿಗೆ ಪಕ್ಕ ನಿಂತ ಅನುಭವದಿಂದ ಹೇಳುವುದಾದರೆ" ಎಂಬುದನ್ನೂ ಬಿಡದೆ ಓದಿದರು. ಭಾಗ್ಯಶ್ರೀ ನನ್ನ ತೊಡೆ ತಿವಿದಳು. "ಅಕ್ಕಾ, ಇದು ನಿಮ್ದೇ ಅಲ್ರೀ?" ನಾನು ಶ್ ಎಂದೆ.

ಕಫ ಎಳೆಯುವ ಜಾಗಕ್ಕೆ ಬಂದಾಗ ಮಾತ್ರ ಅವರು ಕಾಗದ ಕೆಳಗಿಟ್ಟರು. "ಇಲ್ಲಿ ಹದಿನೈದು ಸೆಕೆಂಡ್ ಅಂತ ಬರ್ದಿದಾರೆ. ಅಷ್ಟೆಲ್ಲ ಹೆದರ್ಬೇಕಾಗಿಲ್ಲ ಸಿಸ್ಟರ್ಸ್. ಮೂವತ್ತು ಸೆಕೆಂಡ್ ಆರಾಮಾಗಿ ಮಾಡ್ಬೋದು."

ನನ್ನ ಕೈ ತಾನಾಗಿಯೇ ಮೇಲೆದ್ದಿತು. ಅರ್ಧಕ್ಕೆ ಹೋಗಿ ನಿಂತಿತು. ಎದ್ದು ತಪ್ಪು ಎಂದರೆ ಏನಾಗುತ್ತದೆ? ವಾದವಾಗುತ್ತದೆ, ಸಂಘಟಕರಿಗೆ ಸಿಟ್ಟು ಬರುತ್ತದೆ, ನನ್ನ ಸರ್ಟಿಫಿಕೇಟನ್ನು ಯಾರೋ ತಡೆಹಿಡಿಯುತ್ತಾರೆ. ಎತ್ತಿದ ಕೈಯಲ್ಲಿ ಕೂದಲಿನ ಕ್ಲಿಪ್ಪು ಸರಿಮಾಡಿಕೊಂಡು ಇಳಿಸಿದೆ. ಕ್ಲಿಪ್ಪು ಮೊದಲೇ ಸರಿಯಾಗಿತ್ತು.

ಕೊನೆಯಲ್ಲಿ ಪರೀಕ್ಷೆ. ಹತ್ತು ಪ್ರಶ್ನೆ, ಎಂಟು ಸರಿಯಾದರೆ ಪಾಸು, ಇಲ್ಲದಿದ್ದರೆ ಗಂಟೆ ಇಲ್ಲ. ಏಳನೆಯದು: ಒಂದು ಸಲಕ್ಕೆ ಎಷ್ಟು ಸೆಕೆಂಡು ಎಳೆಯಬಹುದು? ಹದಿನೈದು, ಮೂವತ್ತು, ನಲವತ್ತೈದು, ಅರವತ್ತು.

ನಾನು ಆ ಪ್ರಶ್ನೆಯನ್ನು ಆರು ಸಲ ಓದಿದೆ. ಕಣ್ಣಿಗೆ ಹುದ್ದೆಯೇ ಕಾಣುತ್ತಿತ್ತು. ಮೂವತ್ತಕ್ಕೆ ಗುರುತು ಹಾಕಿದೆ.

ಫಲಿತಾಂಶವನ್ನು ಅಲ್ಲೇ ಗೋಡೆಗೆ ಅಂಟಿಸಿದರು. ಮೊದಲ ಹೆಸರು ನನ್ನದು. ಹತ್ತಕ್ಕೆ ಹತ್ತು! ಹದಿನೈದು ಎಂದು ಬರೆದಿದ್ದರೂ ಒಂಬತ್ತು ಬಂದು ನಿಶ್ಚಿಂತೆಯಿಂದ ಪಾಸಾಗುತ್ತಿದ್ದೆ ಎಂಬ ಲೆಕ್ಕ ಆಗ ಹೊಳೆಯಿತು. ಇಪ್ಪತ್ತಮೂರು ವರ್ಷದ ವಿದ್ಯೆಯನ್ನು ಬೇಡದ ಒಂದು ಅಂಕಕ್ಕೆ ಮಾರಿಕೊಂಡಿದ್ದೆ.

ಭಾಗ್ಯಶ್ರೀಗೆ ಏಳು ಬಂದಿತ್ತು.

ಮೆಟ್ರೋ ಸ್ಟೇಷನ್ನಿನವರೆಗೆ ಇಬ್ಬರೂ ಒಟ್ಟಿಗೆ ನಡೆದೆವು. ಮೆಟ್ಟಿಲ ಹತ್ತಿರ ಅವಳು ನಿಂತಳು.

"ಅಕ್ಕಾ, ಸೆಕೆಂಡಿನ ಪ್ರಶ್ನೆ ಇತ್ತಲ್ರೀ, ನೀವ್ ಹೇಳ್ದಂಗ ಹದಿನೈದು ಅಂತ ಬರ್ದೆ. ತಪ್ಪು ಹಾಕ್ಯಾರ. ಅದೊಂದು ಬಂದಿದ್ರ ನಂದೂ ಪಾಸಾಗ್ತಿತ್ತು."

"ನೀನ್ ಬರ್ದಿದ್ದೇ ಸರಿ ಕಣೇ" ಎಂದೆ.

"ಮತ್ತ ನೀವೇನ್ ಬರ್ದ್ರಿ?"

ಗೋಡೆಯ ಪಟ್ಟಿಯನ್ನು ನಾವಿಬ್ಬರೂ ಒಟ್ಟಿಗೇ ನೋಡಿದ್ದೆವು. ಆದರೂ ನಾನು, "ನನ್ ರೈಲು ಬಂತು, ನಾಳೆ ಸಿಗೋಣ" ಎಂದೆ. ಬಂದದ್ದು ನಾನು ಹೋಗಬೇಕಾದ ರೈಲಾಗಿರಲಿಲ್ಲ. ನಾಚಿಕೆಗೆ ಅದನ್ನೇ ಹತ್ತಿದೆ.

ನೋಂದಣಿ ಆಯಿತು, ಹುದ್ದೆಯ ಆದೇಶವೂ ಬಂತು. ನರ್ಸ್ ಪ್ರಾಕ್ಟೀಷನರ್ ಎಂದು ಬರೆದ ಬ್ಯಾಡ್ಜನ್ನು ಎದೆಗೆ ಚುಚ್ಚಿಕೊಂಡು ಮೊದಲ ದಿನ ವಾರ್ಡಿಗೆ ಹೋದೆ. ನಾಲ್ಕನೇ ಹಾಸಿಗೆಯ ಅಜ್ಜನಿಗೆ ಭಾಗ್ಯಶ್ರೀ ಕಫ ಎಳೆಯಲು ಸಿದ್ಧಳಾಗುತ್ತಿದ್ದಳು. ನನ್ನನ್ನು ನೋಡಿದವಳೇ ಪೈಪು ಹಿಡಿದ ಕೈ ನಿಲ್ಲಿಸಿದಳು. ಮುಖದಲ್ಲಿ ಸಿಟ್ಟಿಲ್ಲ, ವ್ಯಂಗ್ಯವಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವಳಿಗೆ.

"ಇಲ್ಲಿ ಹದಿನೈದ್ರೀ, ಮೂವತ್ರೀ, ಮೇಡಂ?"

"ಹದಿನೈದು" ಎಂದೆ.

"ಆಯ್ತ್ರೀ ಮೇಡಂ" ಎಂದು ಅವಳು ಕೆಲಸಕ್ಕೆ ತಿರುಗಿದಳು. ನಾಲ್ಕು ವರ್ಷದಿಂದ ನಾನು ಅವಳಿಗೆ ಅಕ್ಕ. ಅವತ್ತಿನಿಂದ ಮೇಡಂ. ಮಾನ್ಯತೆ ಬೇಕು, ಮಾನ್ಯತೆ ಬೇಕು ಅಂತ ಕುಣಿಯುತ್ತಿದ್ದೆನಲ್ಲ, ಸಿಕ್ಕಿತು, ತಗೋ!